ಕಣ್ಣಿನ ಬ್ಲಾಕ್: ಸೂಜಿ ಎತ್ತುವ ಮುನ್ನ ಕಣ್ಣಿನ ಉದ್ದ ನೋಡಿ

ಪೊರೆ ಆಪರೇಷನ್ನಿಗೆ ಬರುವ ರೋಗಿಯ ಫೈಲಿನಲ್ಲಿ ಎ-ಸ್ಕ್ಯಾನ್ (ಕಣ್ಣಿನ ಉದ್ದ ಅಳೆಯುವ ಅಲ್ಟ್ರಾಸೌಂಡ್) ಚೀಟಿ ಇದ್ದೇ ಇರುತ್ತದೆ. ಲೆನ್ಸಿನ ಪವರ್ ಲೆಕ್ಕಕ್ಕೆ ಮಾಡಿಸಿದ್ದು, ಸರ್ಜನ್ ನೋಡಿಕೊಳ್ಳುತ್ತಾರೆ ಎಂದುಕೊಂಡು ಅರಿವಳಿಕೆ ಕೊಡುವವರು ಅದನ್ನು ದಾಟಿ ಬಿಪಿ, ಶುಗರ್, ಇಸಿಜಿ ಹಾಳೆಗಳಿಗೆ ಹೋಗಿಬಿಡುತ್ತಾರೆ. ಸೂಜಿಯಿಂದ ಬ್ಲಾಕ್, ಅಂದರೆ ಕಣ್ಣಷ್ಟನ್ನೇ ಮರಗಟ್ಟಿಸುವ ಅರಿವಳಿಕೆ, ಕೊಡುವವರಿಗೆ ಇಡೀ ಫೈಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಆ ಚೀಟಿಯಲ್ಲೇ ಇದೆ. ಅದು ಕಣ್ಣುಗುಡ್ಡೆಯ ಮುಂದಿನಿಂದ ಹಿಂದಿನವರೆಗಿನ ಉದ್ದ. ಕಣ್ಣಿನ ಓಟಿಗೆ ಹೊಸದಾಗಿ ಬರುವ ಪಿಜಿಗಳು ಮತ್ತು ಟೆಕ್ನಿಷಿಯನ್ನರು ಮೊದಲು ಕಲಿಯಬೇಕಾದದ್ದು ಇದನ್ನೇ.

ಸಾಮಾನ್ಯ ಕಣ್ಣಿನ ಉದ್ದ ಸುಮಾರು 23.5 ಮಿ.ಮೀ. 26 ದಾಟಿದರೆ ಅದು ಉದ್ದ ಕಣ್ಣು. ಅಂಥ ಕಣ್ಣಿನ ಬಿಳಿ ಗೋಡೆ, ಅಂದರೆ ಸ್ಕ್ಲೀರಾ, ತೆಳ್ಳಗಿರುತ್ತದೆ. ಹಿಂಭಾಗದಲ್ಲಿ, ಎಷ್ಟೋ ಸಲ ಕೆಳಮಗ್ಗುಲಿಗೆ, ಉಬ್ಬಿಕೊಂಡೂ ಇರಬಹುದು. ಈ ಉಬ್ಬನ್ನು ಸ್ಟೆಫಿಲೋಮಾ ಎನ್ನುತ್ತಾರೆ. ಕೆಳಗಿನ ಹೊರಮೂಲೆಯಿಂದ ಹೋಗುವ ಸೂಜಿಯ ದಾರಿಗೇ ಅದು ಅಡ್ಡ ಬರುತ್ತದೆ. ಕನ್ನಡಕದ ಪವರ್ ನೋಡಿ ಉದ್ದವನ್ನು ಊಹಿಸಲು ಹೋಗಬೇಡಿ. ಪೊರೆ ಗಟ್ಟಿಯಾದಂತೆ ಲೆನ್ಸಿನಿಂದಲೇ ಮೈನಸ್ ಪವರ್ ಬರುತ್ತದೆ, ಆಗ ಕಣ್ಣು ಮಾಮೂಲಿ ಉದ್ದದ್ದೇ ಇರಬಹುದು. ಇದಕ್ಕೆ ತಿರುಗಾದ ಸಂದರ್ಭ ಇನ್ನೂ ಅಪಾಯದ್ದು. ಹಿಂದೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡವರು ಈಗ ರೆಟಿನಾ ಆಪರೇಷನ್ನಿಗೆ ಬಂದರೆ ದಪ್ಪ ಕನ್ನಡಕವೇ ಇರುವುದಿಲ್ಲ, ಒಳಗಿನ ಕಣ್ಣು ಮಾತ್ರ 28 ಮಿ.ಮೀ. ಇರಬಹುದು. ರೆಟಿನಾಕ್ಕೆ ಬಕಲ್ (ಕಣ್ಣುಗುಡ್ಡೆಯ ಹೊರಗೆ ಹೊಲಿಯುವ ಸಿಲಿಕೋನ್ ಪಟ್ಟಿ) ಕಟ್ಟಿಸಿಕೊಂಡವರ ಕಣ್ಣೂ ಉದ್ದವಾಗಿರುತ್ತದೆ, ಸುತ್ತ ಅಂಟಿಕೊಂಡೂ ಇರುತ್ತದೆ. ಎರಡು ಕಣ್ಣಿನ ಉದ್ದ ಒಂದೇ ಆಗಿರಬೇಕೆಂದೇನಿಲ್ಲ, ಹಾಗಾಗಿ ಯಾವ ಕಣ್ಣಿಗೆ ಬ್ಲಾಕೋ ಅದರ ಅಂಕಿಯನ್ನೇ ಓದಿ. ಹುಬ್ಬಿನ ಮೇಲಿನ ಗುರುತು, ಒಪ್ಪಿಗೆ ಪತ್ರ, ರೋಗಿಯ ಮಾತು ಮೂರೂ ತಾಳೆಯಾದ ಮೇಲಷ್ಟೇ ಸೂಜಿ ಕೈಗೆ ಬರಬೇಕು.

ಉದ್ದ ಏಕೆ ಇಷ್ಟು ಮುಖ್ಯ ಎಂಬುದು ಕಣ್ಣಿನ ಗೂಡಿನ ರಚನೆ ನೋಡಿದರೆ ತಿಳಿಯುತ್ತದೆ. ಗೂಡು ಅಡ್ಡ ಮಲಗಿಸಿದ ಆಲಿಕೆಯಂತೆ ಹಿಂದಕ್ಕೆ ಹೋದಷ್ಟೂ ಕಿರಿದಾಗುತ್ತದೆ. ಅದರ ಒಟ್ಟು ಗಾತ್ರ ಸುಮಾರು 30 ಮಿ.ಲೀ., ಅದರಲ್ಲಿ ಕಣ್ಣುಗುಡ್ಡೆಗೆ 7 ಮಿ.ಲೀ. ಮಾತ್ರ. ಉಳಿದ ಜಾಗವೆಲ್ಲ ಕೊಬ್ಬು, ಸ್ನಾಯು, ನರ, ರಕ್ತನಾಳ. ಎರಡು ಗೂಡುಗಳ ಒಳಗೋಡೆಗಳು ಒಂದಕ್ಕೊಂದು ಸಮಾನಾಂತರ. ಹೊರಗೋಡೆ ಒಳಗೋಡೆಗೆ 45 ಡಿಗ್ರಿ ಓರೆ. ನಾಲ್ಕು ನೇರ ಸ್ನಾಯುಗಳು ತುದಿಯ ಉಂಗುರದಿಂದ ಹೊರಟು ಕಣ್ಣುಗುಡ್ಡೆಗೆ ಅಂಟಿ ಒಂದು ಶಂಕು ಮಾಡುತ್ತವೆ. ದೃಷ್ಟಿನರ, ಸಿಲಿಯರಿ ಗ್ಯಾಂಗ್ಲಿಯಾನ್ ಎಂಬ ನರಗಂಟು, ಸ್ನಾಯುಗಳಿಗೆ ಹೋಗುವ 3 ಮತ್ತು 6ನೇ ನರಗಳು ಈ ಶಂಕುವಿನ ಒಳಗೆ. 4ನೇ ನರ ಮಾತ್ರ ಹೊರಗೆ. ಶಂಕುವಿನೊಳಗೆ ಕೊಟ್ಟ ರೆಟ್ರೊಬಲ್ಬಾರ್ ಬ್ಲಾಕ್ ಚೆನ್ನಾಗಿ ಹಿಡಿದಿದ್ದರೂ ಕಣ್ಣು ಸ್ವಲ್ಪ ಒಳಕ್ಕೆ ತಿರುಚಿದಂತೆ ಆಡುವುದು ಇದೇ ಕಾರಣಕ್ಕೆ. ಮೇಲಿನ ಓರೆ ಸ್ನಾಯುವಿಗೆ ಔಷಧ ಮುಟ್ಟಿರುವುದಿಲ್ಲ. ಅದಷ್ಟನ್ನೇ ನೋಡಿ ಇನ್ನೊಂದು ಚುಚ್ಚು ಕೊಡಬೇಕಾಗಿಲ್ಲ.

ಶಂಕುವಿನ ಒಳಗೂ ಹೊರಗೂ ನಡುವೆ ಪೂರ್ತಿ ಮುಚ್ಚಿದ ಗೋಡೆ ಇಲ್ಲ. ಹೊರಗೆ ಹಾಕಿದ ಔಷಧ ಕೊಬ್ಬಿನ ಸಂದುಗಳಲ್ಲಿ ಒಳಕ್ಕೆ ಇಳಿಯುತ್ತದೆ. ಶಂಕುವಿನ ಹೊರಗೆ ಕೊಡುವ ಪೆರಿಬಲ್ಬಾರ್ ಬ್ಲಾಕ್ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಇದಕ್ಕೆ ಔಷಧ ಹೆಚ್ಚು ಬೇಕು, ಸಮಯವೂ ಹೆಚ್ಚು. ರೆಟ್ರೊಬಲ್ಬಾರ್‌ಗೆ 2ರಿಂದ 4 ಮಿ.ಲೀ. ಸಾಕಾದರೆ ಇದಕ್ಕೆ 5ರಿಂದ 8 ಬೇಕಾಗುತ್ತದೆ. 2% ಲಿಗ್ನೊಕೇನ್ ಮತ್ತು 0.5% ಬುಪಿವಕೇನ್ ಸಮಪಾಲು, ಜೊತೆಗೆ ಔಷಧ ಹರಡಲು ನೆರವಾಗುವ ಕಿಣ್ವ ಹಯಲುರೊನಿಡೇಸ್ ಮಿ.ಲೀ.ಗೆ 15ರಿಂದ 50 ಯೂನಿಟ್. 1500 ಯೂನಿಟ್ಟಿನ ಒಂದು ಆಂಪ್ಯೂಲನ್ನು 30 ಮಿ.ಲೀ. ವಯಲ್‌ಗೆ ಬೆರೆಸಿದರೆ 50 ಆಗುತ್ತದೆ. ಬೆರೆಸಿದವರು ಅಲ್ಲೇ ಹೆಸರು, ಸಮಯ ಬರೆದು ಅಂಟಿಸಲಿ. ಅದೇ ಟ್ರಾಲಿಯಲ್ಲಿ ಬಣ್ಣವಿಲ್ಲದ ಬೇರೆ ವಯಲ್‌ಗಳೂ ಇರುತ್ತವೆ.

ಸೂಜಿ 25 ಗೇಜ್, 25 ಮಿ.ಮೀ. ಉದ್ದ. ಇದಕ್ಕಿಂತ ಉದ್ದದ್ದು ಪೆರಿಬಲ್ಬಾರ್‌ಗೆ ಬೇಡವೇ ಬೇಡ. 38 ಮಿ.ಮೀ. ಸೂಜಿ ಕೆಲವರ ಗೂಡಿನಲ್ಲಿ ದೃಷ್ಟಿನರವನ್ನೇ ತಲುಪುತ್ತದೆ. ರೋಗಿ ನೇರ ಮುಂದಕ್ಕೆ ನೋಡುತ್ತಿರಬೇಕು. ಹಿಂದೆ ‘ಮೇಲೆ, ಮೂಗಿನ ಕಡೆ ನೋಡಿ’ ಎನ್ನುವ ಪದ್ಧತಿ ಇತ್ತು. ಹಾಗೆ ನೋಡಿದಾಗ ದೃಷ್ಟಿನರ ಬಿಗಿದು ಸೂಜಿಯ ದಾರಿಗೆ ಹತ್ತಿರ ಬರುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಕೈಬಿಡಲಾಯಿತು. ಕೆಳರೆಪ್ಪೆಯ ಮೂಲಕ, ಗೂಡಿನ ಕೆಳಅಂಚಿನ ಹೊರಗಿನ ಮೂರನೇ ಒಂದು ಭಾಗ ಶುರುವಾಗುವಲ್ಲಿ ಅಥವಾ ಅದಕ್ಕೂ ಸ್ವಲ್ಪ ಹೊರಗೆ, ಮೂಳೆಗೆ ಹತ್ತಿರವಾಗಿ, ಗೂಡಿನ ನೆಲಕ್ಕೆ ಸಮಾನಾಂತರವಾಗಿ ಹೋಗಿ. ಎಳೆದು ರಕ್ತ ಬರುತ್ತಿಲ್ಲವೆಂದು ನೋಡಿ, ನಿಧಾನಕ್ಕೆ ಬಿಡಿ. ತಡೆ ಸಿಕ್ಕಿದರೆ ನಿಲ್ಲಿಸಿ. ರೋಗಿ ಥಟ್ಟನೆ ಜೋರು ನೋವು ಎಂದರೆ ಸಮಾಧಾನ ಹೇಳುತ್ತಾ ಮುಂದುವರಿಸಬೇಡಿ, ಅಲ್ಲೇ ನಿಲ್ಲಿಸಿ. ಒಳಗೆ ಹೋದ ಸೂಜಿಯನ್ನು ಅತ್ತಿತ್ತ ಅಲ್ಲಾಡಿಸಿ ಪರೀಕ್ಷಿಸುವುದನ್ನೂ ಬಿಟ್ಟುಬಿಡಿ. ತುದಿ ಕಣ್ಣುಗುಡ್ಡೆಯೊಳಗೆ ಇದ್ದರೆ ಸಣ್ಣ ತೂತು ದೊಡ್ಡ ಸೀಳಾಗುತ್ತದೆ.

ಕಣ್ಣುಗುಡ್ಡೆ ಚುಚ್ಚಿಹೋದರೆ ಕಣ್ಣು ಮೆತ್ತಗಾಗುತ್ತದೆ, ಪಾಪೆಯ ಕೆಂಪು ಹೊಳಪು ಮಾಯವಾಗುತ್ತದೆ, ದೃಷ್ಟಿ ಇಳಿಯುತ್ತದೆ. ಕೆಲವೊಮ್ಮೆ ನೋವೇ ಇರುವುದಿಲ್ಲ. ಅನುಮಾನ ಬಂದ ಕ್ಷಣ ಆಪರೇಷನ್ ಮುಂದೂಡಿ ರೆಟಿನಾ ಸರ್ಜನ್ನರನ್ನು ಕರೆಸಬೇಕು.

ಗುಡ್ಡೆಯ ಹಿಂದೆ ರಕ್ತಸ್ರಾವವಾದರೆ ಚಿತ್ರ ಬೇರೆ. ಕಣ್ಣು ಮುಂದಕ್ಕೆ ಉಬ್ಬುತ್ತದೆ, ರೆಪ್ಪೆ ಕಲ್ಲಿನಷ್ಟು ಬಿಗಿಯಾಗುತ್ತದೆ, ಒತ್ತಡ ಏರುತ್ತದೆ. ರೆಟಿನಾಕ್ಕೆ ರಕ್ತ ನಿಂತು ಸುಮಾರು 90 ನಿಮಿಷ ಕಳೆದರೆ ದೃಷ್ಟಿ ಮರಳುವುದು ಕಷ್ಟ. ಬಿಟ್ಟು ಬಿಟ್ಟು ಒತ್ತುವುದು, ಅಸೆಟಜೋಲಮೈಡ್ 500 ಮಿ.ಗ್ರಾಂ. ರಕ್ತನಾಳಕ್ಕೆ (ಐವಿ), ಬೇಕಿದ್ದರೆ ಮ್ಯಾನಿಟಾಲ್, ಅಷ್ಟಕ್ಕೂ ಬಗ್ಗದಿದ್ದರೆ ಹೊರಮೂಲೆ ಕತ್ತರಿಸಿ ರೆಪ್ಪೆಯ ಬಿಗಿ ಬಿಡಿಸುವುದು. ಈ ಕೊನೆಯ ಕೆಲಸದ ಕತ್ತರಿ ಎಲ್ಲಿದೆ ಎಂದು ಮೊದಲ ಕೇಸಿಗೂ ಮುನ್ನ ಗೊತ್ತಿರಬೇಕು.

ಮೂರನೆಯ ಅಪಾಯ ಅಪರೂಪ, ಆದರೆ ಜೀವದ ಮೇಲೆ ಬರುವುದು ಇದೇ. ದೃಷ್ಟಿನರದ ಕವಚ ಮಿದುಳಿನ ಸುತ್ತಲ ದ್ರವದ ಜಾಗಕ್ಕೆ ನೇರ ಕೂಡಿಕೊಂಡಿದೆ. ಔಷಧ ಆ ಕವಚದೊಳಗೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಕಾಂಡ ಮುಟ್ಟುತ್ತದೆ. ರೋಗಿಗೆ ಮಂಪರು, ಮಾತು ತೊದಲು, ಆಚೆ ಕಣ್ಣಿನ ಪಾಪೆ ಹಿಗ್ಗುವುದು, ಆಮೇಲೆ ಉಸಿರು ನಿಲ್ಲುವುದು. ಹಸಿರು ಬಟ್ಟೆ ಹೊದಿಸಿದ ಮೇಲೆ ಇದನ್ನು ‘ಅಜ್ಜಿ ನಿದ್ದೆ ಹೋದರು’ ಎಂದುಕೊಳ್ಳುವುದು ಬಹಳ ಸುಲಭ. ಬ್ಲಾಕ್ ಆದ ಮೊದಲ 20 ನಿಮಿಷ ಯಾರಾದರೂ ಮಾತಾಡಿಸುತ್ತಲೇ ಇರಬೇಕು. ಉಸಿರು ಕೊಟ್ಟು, ಬಿಪಿ ಹಿಡಿದು ನಿಂತರೆ ಔಷಧದ ಪ್ರಭಾವ ಇಳಿದ ಮೇಲೆ ರೋಗಿ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಸೂಜಿ ಬ್ಲಾಕ್ ಎಂದರೆ ಕೈಯಲ್ಲಿ ಐವಿ ಕ್ಯಾನುಲಾ, ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಪಕ್ಕದಲ್ಲಿ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಇರಲೇಬೇಕು. ದಿನಕ್ಕೆ ನಲವತ್ತು ಕೇಸಿರುವ ಶಿಬಿರದಲ್ಲೂ ಇದಕ್ಕೆ ರಿಯಾಯಿತಿ ಇಲ್ಲ.

ಹಾಗಾದರೆ ಉದ್ದ ಕಣ್ಣಿಗೆ ಏನು ಮಾಡಬೇಕು? ನಮ್ಮ ಮಟ್ಟಿಗೆ ಉತ್ತರ ಸಬ್-ಟೆನಾನ್. ಕಣ್ಣುಗುಡ್ಡೆಯನ್ನು ಕಪ್ಪುಗುಡ್ಡೆಯ ಅಂಚಿನ ಹತ್ತಿರದಿಂದ ದೃಷ್ಟಿನರದವರೆಗೆ ಸುತ್ತಿರುವ ಟೆನಾನ್ ಪೊರೆಯ ಕೆಳಗೆ, ಮೊಂಡು ಕ್ಯಾನುಲಾದಿಂದ ಔಷಧ ಬಿಡುವ ವಿಧಾನ ಇದು. ಪ್ರೊಪ್ಯಾರಕೇನ್ ಹನಿ, 5% ಪೊವಿಡೋನ್ ಅಯೋಡಿನ್ ಹಾಕಿ, ರೆಪ್ಪೆ ಬಿಡಿಸುವ ಸ್ಪೆಕ್ಯುಲಮ್ ಇಟ್ಟು, ರೋಗಿಗೆ ಮೇಲೆ ಹೊರಮಗ್ಗುಲಿಗೆ ನೋಡಲು ಹೇಳಿ. ಕೆಳಗೆ ಮೂಗಿನ ಕಡೆಯ ಕಾಲುಭಾಗದಲ್ಲಿ, ಅಂಚಿನಿಂದ 5ರಿಂದ 7 ಮಿ.ಮೀ. ದೂರ, ಕಂಜಂಕ್ಟೈವಾ (ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರ) ಮತ್ತು ಟೆನಾನ್ ಎರಡನ್ನೂ ಒಟ್ಟಿಗೆ ಫೋರ್ಸೆಪ್ಸಿನಲ್ಲಿ ಎತ್ತಿ ವೆಸ್ಟ್‌ಕಾಟ್ ಕತ್ತರಿಯಿಂದ ಸಣ್ಣ ಕಿಂಡಿ ಮಾಡಿ. ಹೊಳೆಯುವ ಬಿಳಿ ಸ್ಕ್ಲೀರಾ ಕಾಣಬೇಕು. ಕಾಣದಿದ್ದರೆ ಇನ್ನೂ ಟೆನಾನ್ ಮೇಲೆಯೇ ಇದ್ದೀರಿ. ಅಲ್ಲಿ ಬಿಟ್ಟ ಔಷಧವೆಲ್ಲ ಮುಂದಕ್ಕೆ ಬಂದು ಕಂಜಂಕ್ಟೈವಾ ಗುಳ್ಳೆಯಂತೆ ಉಬ್ಬುತ್ತದೆ, ಬ್ಲಾಕ್ ಹಿಡಿಯುವುದಿಲ್ಲ. ಹೊಸಬರ ಬ್ಲಾಕ್ ಕೈಕೊಡುವುದು ಹೆಚ್ಚಾಗಿ ಇಲ್ಲೇ. 19 ಗೇಜ್, 25 ಮಿ.ಮೀ. ಬಾಗಿದ ಕ್ಯಾನುಲಾವನ್ನು ಗುಡ್ಡೆಯ ಬಾಗನ್ನೇ ಅನುಸರಿಸಿ ಹಿಂದಕ್ಕೆ ಜಾರಿಸಿ, 3ರಿಂದ 5 ಮಿ.ಲೀ. ನಿಧಾನಕ್ಕೆ ಬಿಡಿ. ಕಣ್ಣು ಕೆಂಪಾಗುತ್ತದೆ, ಸ್ವಲ್ಪ ಊದುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಮೊದಲೇ ತಿಳಿಸಿದರೆ ರೋಗಿ ಗಾಬರಿಯಾಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಇದೇ ದಾರಿ, ಅಥವಾ ಬರೀ ಹನಿ. ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) ಅವರಿಗೆ ನಿಗದಿಯಾದ ಮಿತಿಯೊಳಗೆ ಇದ್ದರೆ ಪೊರೆ ಆಪರೇಷನ್ನಿಗಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ನಿಲ್ಲಿಸಿ ಪಾರ್ಶ್ವವಾಯು ತರಿಸಿಕೊಳ್ಳುವುದು ಕಣ್ಣು ಕೆಂಪಾಗುವುದಕ್ಕಿಂತ ಎಷ್ಟೋ ಕೆಟ್ಟದ್ದು. ಹನಿ ಅರಿವಳಿಕೆಯಲ್ಲಿ ಕಣ್ಣು ಆಡುತ್ತಲೇ ಇರುತ್ತದೆ, ಬೆಳಕೂ ಕಾಣುತ್ತದೆ. ಕಿವಿ ಕೇಳದವರು, ಕೆಮ್ಮು ನಿಲ್ಲದವರು, ಚಪ್ಪಟೆ ಮಲಗಲಾಗದವರು ಇದಕ್ಕೆ ಸರಿಹೋಗುವುದಿಲ್ಲ. ಒಂದು ಕೆಮ್ಮಿಗೆ ಕಣ್ಣಿನ ಒತ್ತಡ 30-40 ಮಿ.ಮೀ. ಪಾದರಸದಷ್ಟು ಜಿಗಿಯುತ್ತದೆ. ಕಣ್ಣು ತೆರೆದಿರುವಾಗ ಹಾಗಾದರೆ ಒಳಗಿನದು ಹೊರಗೆ ಬರುತ್ತದೆ. ‘ಕೆಮ್ಮು ಬರೋ ಹಾಗಾದ್ರೆ ತಲೆ ಅಲ್ಲಾಡಿಸಬೇಡಿ, ಮೊದಲು ಬಾಯಲ್ಲಿ ಹೇಳಿ’ ಎಂದು ಮಲಗಿಸುವ ಮುನ್ನವೇ ಹೇಳಿ, ಅವರ ಬಾಯಿಂದಲೇ ಒಮ್ಮೆ ತಿರುಗಿ ಹೇಳಿಸಿ.

ಮೆಳ್ಳೆಗಣ್ಣಿನ ಮಕ್ಕಳಿಗೆ ಪೂರ್ಣ ಅರಿವಳಿಕೆ. ಅಲ್ಲಿ ಕಾಯಬೇಕಾದದ್ದು ನಾಡಿ. ಸರ್ಜನ್ ಸ್ನಾಯು ಎಳೆದಾಗ 5ನೇ ನರದ ಮೂಲಕ ಸುದ್ದಿ ಹೋಗಿ ವೇಗಸ್ ನರದ ಮೂಲಕ ಹೃದಯ ನಿಧಾನವಾಗುತ್ತದೆ. 1908ರಲ್ಲೇ ಆಶ್ನರ್ ಮತ್ತು ದಾನ್ಯಿನಿ ಇದನ್ನು ಬೇರೆ ಬೇರೆಯಾಗಿ ವರದಿ ಮಾಡಿದ್ದರು. ಮಾನಿಟರಿನ ಸದ್ದು ಇಳಿದ ಕೂಡಲೇ ‘ಬಿಡಿ ಸರ್’ ಎನ್ನಬೇಕು. ಹೆಚ್ಚಿನ ಸಲ ಎಳೆತ ಬಿಟ್ಟರೆ ಸಾಕು. ಆ ಬಿಡುವಿನಲ್ಲಿ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್, ಅರಿವಳಿಕೆಯ ಆಳ ನೋಡಿಕೊಳ್ಳಿ; ಮೂರರಲ್ಲಿ ಯಾವುದು ತಪ್ಪಿದ್ದರೂ ಪ್ರತಿಕ್ರಿಯೆ ಜೋರಾಗುತ್ತದೆ. ಮತ್ತೆ ಮತ್ತೆ ಬಂದರೆ ಅಟ್ರೊಪಿನ್ ಕೆ.ಜಿ.ಗೆ 20 ಮೈಕ್ರೊಗ್ರಾಂ. ಈ ಮಕ್ಕಳಿಗೆ ಆಮೇಲೆ ವಾಂತಿಯೂ ಹೆಚ್ಚು, ಒಂಡಾನ್ಸೆಟ್ರಾನ್ ಜೊತೆ ಡೆಕ್ಸಾಮೆಥಾಸೋನ್ ಮೊದಲೇ ಕೊಡುವುದು ಒಳ್ಳೆಯದು.

ರೆಟಿನಾ ಕೇಸಿನಲ್ಲಿ ಸರ್ಜನ್ ಕಣ್ಣಿನೊಳಗೆ ಅನಿಲ ಬಿಡುವವರಿದ್ದರೆ ನೈಟ್ರಸ್ ಆಕ್ಸೈಡ್ ಮೊದಲಿನಿಂದಲೇ ಬೇಡ. ರಕ್ತದಲ್ಲಿ ಅದು ನೈಟ್ರೊಜನ್‌ಗಿಂತ ಮೂವತ್ತು ಪಟ್ಟಿಗೂ ಹೆಚ್ಚು ಕರಗುತ್ತದೆ, ಹಾಗಾಗಿ ಗುಳ್ಳೆಯೊಳಗೆ ಬೇಗ ನುಗ್ಗಿ ಅದನ್ನು ಹಿಗ್ಗಿಸುತ್ತದೆ. ಕಣ್ಣಿನ ಒತ್ತಡ ಏರಿ ರೆಟಿನಾದ ರಕ್ತ ನಿಲ್ಲಬಹುದು. ಎಸ್‌ಎಫ್6 ಅನಿಲದ ಗುಳ್ಳೆ ಸುಮಾರು ಎರಡು ವಾರ, ಸಿ3ಎಫ್8 ಅನಿಲದ್ದು ಎರಡು ತಿಂಗಳವರೆಗೂ ಉಳಿಯುತ್ತದೆ. ಅಷ್ಟರಲ್ಲಿ ಆ ರೋಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ಅಪೆಂಡಿಕ್ಸಿಗೋ ಮುರಿದ ಕಾಲಿಗೋ ಟೇಬಲ್ ಮೇಲೆ ಮಲಗಬಹುದು, ಅಲ್ಲಿನ ಅರಿವಳಿಕೆ ವೈದ್ಯರಿಗೆ ಕಣ್ಣಿನ ವಿಷಯ ಗೊತ್ತಿರುವುದಿಲ್ಲ. ಹಾಗಾಗಿ ಯಾವ ಅನಿಲ, ಯಾವ ತಾರೀಖು, ನೈಟ್ರಸ್ ಬೇಡ, ವಿಮಾನ ಬೇಡ ಎಂಬಷ್ಟನ್ನೂ ಡಿಸ್ಚಾರ್ಜ್ ಹಾಳೆಯಲ್ಲಿ ಬರೆದು, ಮಣಿಕಟ್ಟಿಗೂ ಒಂದು ಪಟ್ಟಿ ಕಟ್ಟಿ ಕಳಿಸಿ. ಗುಳ್ಳೆ ಪೂರ್ತಿ ಕರಗಿದೆ ಎಂದು ಕಣ್ಣಿನ ವೈದ್ಯರು ಹೇಳುವವರೆಗೆ ಆ ಪಟ್ಟಿಯನ್ನು ಬಿಚ್ಚಬಾರದೆಂದು ಮನೆಯವರಿಗೂ ತಿಳಿಸಿ.