ಗದ್ದದ ಕೂದಲಿನ ಲೆಕ್ಕದ ಪುಸ್ತಕ: ಜೂನ್‌ನಿಂದ ಡಿಸೆಂಬರ್‌ವರೆಗಿನ ಕೆಲಸ

ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇಂದ ಗದ್ದ, ಮೇಲ್ತುಟಿ, ದವಡೆಯ ಅಂಚಿನಲ್ಲಿ ದಪ್ಪ ಕೂದಲು ಬರುವ ಹೆಂಗಸರಿಗಾಗಿ ಕನ್ನಡದಲ್ಲಿ ಒಂದು ಲೆಕ್ಕದ ಪುಸ್ತಕ, ಜೊತೆಗೆ ಮನೆಯಲ್ಲಿಡುವ ಒಂದು ಸಣ್ಣ ಡಬ್ಬಿ. ಕೆಲಸ ಇಷ್ಟೇ. ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಮೆಡಿಕಲಿನ ಮಾತು ಮಲಯಾಳದಲ್ಲಿ, ಮನೆಯ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಮಾತ್ರೆ ಎಷ್ಟು ತಿಂಗಳು, ಕ್ರೀಮ್ ಹಚ್ಚಿದ ಮೇಲೆ ಎಷ್ಟು ಹೊತ್ತು ಮುಖ ತೊಳೆಯಬಾರದು ಎಂಬಂಥ ಮುಖ್ಯ ಸಂಗತಿಯೇ ಈ ಮೂರರ ನಡುವೆ ಕಳೆದುಹೋಗುತ್ತದೆ.

ಜೂನ್, ಮೊದಲ ವಾರ

ಅಳತೆಯ ಪುಟ ಸಿದ್ಧವಾಯಿತು. ಡಾಕ್ಟರರು ಬಳಸುವ ಫೆರಿಮನ್–ಗಾಲ್ವೆ ಅಳತೆಯಲ್ಲಿ ದೇಹದ 9 ಜಾಗಗಳಿಗೆ 0ಯಿಂದ 4ರವರೆಗೆ ಅಂಕ, ಒಟ್ಟು 36. 4ರಿಂದ 6 ದಾಟಿದರೆ ಕೂದಲು ಹೆಚ್ಚೆಂದು ಲೆಕ್ಕ; ಯಾವ ಜನಾಂಗ ಎಂಬುದರ ಮೇಲೆ ಈ ಗಡಿ ಸ್ವಲ್ಪ ಬದಲಾಗುತ್ತದೆ. ಮನೆಯ ಪುಸ್ತಕಕ್ಕೆ ಇಷ್ಟು ಬೇಡ. ಗದ್ದ, ಮೇಲ್ತುಟಿ, ಎರಡು ದವಡೆ, ಕತ್ತು: ಐದು ಜಾಗ ಸಾಕು. ತಿಂಗಳಿಗೊಂದು ಫೋಟೊ, ಕೊನೆಯ ಶೇವಿಂಗ್ ಆದ ಸರಿಯಾಗಿ ಮೂರನೇ ದಿನ ಬೆಳಗ್ಗೆ. ಒಂದು ಸಲ ಮೂರನೇ ದಿನ, ಇನ್ನೊಂದು ಸಲ ಆರನೇ ದಿನ ತೆಗೆದರೆ ಔಷಧ ಕೆಲಸ ಮಾಡಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಮಳೆಗಾಲದಲ್ಲಿ ಕಿಟಕಿಯ ಬೆಳಕು ದಿನಕ್ಕೊಂದು ಥರ ಇರುವುದರಿಂದ ಟ್ಯೂಬ್‌ಲೈಟಿನ ಕೆಳಗೆ, ಗೋಡೆಯ ಒಂದೇ ಗುರುತಿನ ಮುಂದೆ ನಿಂತು ತೆಗೆಯಬೇಕು.

ಪುಟದ ತಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದದ್ದು: ಯಾವ ಮಾತ್ರೆಯ ಫಲವನ್ನೂ ಆರು ತಿಂಗಳಿಗೆ ಮೊದಲು ಅಳೆಯಬೇಡಿ. ಆಂಡ್ರೋಜೆನ್ (ಗಂಡು ಹಾರ್ಮೋನು) ಜಾಸ್ತಿಯಾದಾಗ ಗದ್ದದ ನವಿರು ರೋಮ ದಪ್ಪ, ಕಪ್ಪು ಕೂದಲಾಗಿ ತಿರುಗುತ್ತದೆ. ಹಾರ್ಮೋನು ಹತೋಟಿಗೆ ಬಂದರೂ ಬುಡದಲ್ಲಿ ಈಗಾಗಲೇ ಬೆಳೆಯುತ್ತಿರುವ ಕೂದಲು ತನ್ನ ಸುತ್ತು ಮುಗಿಸಿಯೇ ಉದುರುವುದು. ಮುಂದೆ ಬರುವುದು ತೆಳ್ಳಗಾಗಬಹುದು, ನಿಧಾನವಾಗಬಹುದು. ಪೂರ್ತಿ ಮಾಯವಾಗುವುದು ಅಪರೂಪ. ಎರಡು ತಿಂಗಳಿಗೇ ಮಾತ್ರೆ ಬಿಟ್ಟವರ ದುಡ್ಡೂ ಧೈರ್ಯವೂ ಒಟ್ಟಿಗೆ ಖರ್ಚಾಗುತ್ತವೆ.

ಜೂನ್, ಕೊನೆಯ ವಾರ

ಶೇವಿಂಗ್‌ನ ಪುಟ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಇರುವುದು ಇದಕ್ಕೇ, ಎಲ್ಲಕ್ಕಿಂತ ಕಡಿಮೆ ತೊಂದರೆ ಇರುವುದೂ ಇದರಲ್ಲೇ. ಬ್ಲೇಡು ಚರ್ಮದ ಮೇಲಿನ ಕೂದಲನ್ನು ಕತ್ತರಿಸುತ್ತದೆ, ಬುಡವನ್ನು ಮುಟ್ಟುವುದಿಲ್ಲ. ಚೂಪಾಗಿದ್ದ ತುದಿ ಮೊಂಡಾಗುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೇ. ಕೂದಲು ದಪ್ಪವಾಗುವುದೂ ಇಲ್ಲ, ಸಂಖ್ಯೆ ಹೆಚ್ಚುವುದೂ ಇಲ್ಲ.

ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಮೂರು ನಿಮಿಷ ಗದ್ದಕ್ಕೆ ಒತ್ತಿ ಹಿಡಿಯುವುದು. ವಾಸನೆಯಿಲ್ಲದ ಜೆಲ್. ಒಂದೇ ಅಲಗಿನ ರೇಜರ್, ಕೂದಲು ಹೋಗುವ ದಿಕ್ಕಿಗೇ, ಒತ್ತದೆ. ಮೂರು, ನಾಲ್ಕು ಅಲಗಿನ ರೇಜರಿನಲ್ಲಿ ಮೊದಲ ಅಲಗು ಕೂದಲನ್ನು ಎಳೆಯುತ್ತದೆ, ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಗುಂಗುರು ಕೂದಲಾದರೆ ಅದು ಒಳಗೇ ಬಾಗಿ ಬೊಕ್ಕೆಯಾಗುತ್ತದೆ. ಬಚ್ಚಲಲ್ಲಿ ಬಿಟ್ಟ ಬ್ಲೇಡು ಈ ಕರಾವಳಿಯ ತೇವಕ್ಕೆ ಬೇಗ ತುಕ್ಕು ಹಿಡಿಯಿತು. ಹಾಗಾಗಿ ಡಬ್ಬಿಗೆ ಒಂದು ಒಣ ಬಟ್ಟೆ ಸೇರಿಸಿದೆವು. ಐದಾರು ಸಲ ಬಳಸಿದ ಮೇಲೆ ಬ್ಲೇಡು ಬದಲಿಸಬೇಕು.

ಜುಲೈ

ಸಕ್ಕರೆ ಪಾಕದ ವ್ಯಾಕ್ಸ್. ಅಳತೆ: ಸಕ್ಕರೆ 200 ಗ್ರಾಂ, ನಿಂಬೆರಸ 30 ಮಿಲಿಲೀಟರ್, ನೀರು 30 ಮಿಲಿಲೀಟರ್. ನಿಂಬೆಯ ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವುದರಿಂದ ಪಾಕ ಹರಳುಗಟ್ಟುವುದಿಲ್ಲ.

ಮೊದಲ ಪಾಕ ಕಣ್ಣಂದಾಜಿನದು. ಬಣ್ಣ ಜೇನಿನಂತೆ ಬರಲಿ ಎಂದು ಕಾದದ್ದೇ ತಪ್ಪಾಯಿತು. ತಣಿದಾಗ ನೆಲಗಡಲೆ ಚಿಕ್ಕಿಯ ಹಾಗೆ ಟಕ್ಕನೆ ಮುರಿಯಿತು. ಎರಡನೆಯದನ್ನು ಅಡುಗೆಯ ಥರ್ಮಾಮೀಟರ್ ಹಾಕಿ 115 ಡಿಗ್ರಿ ಸೆಲ್ಸಿಯಸ್‌ಗೆ ಒಲೆಯಿಂದ ಇಳಿಸಿದೆವು. ಮುಂಗೈಗೆ ಹಚ್ಚಿದರೆ ಅಂಟಿ ಕೂತಿತು, ಎಳೆದರೆ ನೂಲಿನಂತೆ ಬಂತೇ ಹೊರತು ಕೂದಲು ಬರಲಿಲ್ಲ. ಮೂರನೆಯದು 120 ಡಿಗ್ರಿ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಉಂಡೆಯಾಗಿ ನಿಂತಿತು, ಬೆರಳಲ್ಲಿ ಒತ್ತಿದರೆ ಬಾಗಿತು. ಲಾಡು ಕಟ್ಟುವವರ ಕೈಗೆ ಈ ಹದ ಚೆನ್ನಾಗಿ ಗೊತ್ತು. ಆದರೆ ಮುಚ್ಚಳ ಸಡಿಲಾಗಿದ್ದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟದ್ದಕ್ಕೆ ಮಳೆಯ ತೇವ ಎಳೆದುಕೊಂಡು ಮೇಲ್ಪದರ ನೀರಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬೇಕು, ಒಂದು ಸಲಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಹಚ್ಚುವುದು ಕೂದಲಿನ ದಿಕ್ಕಿಗೆ ಎದುರಾಗಿ, ಎಳೆಯುವುದು ಕೂದಲಿನ ದಿಕ್ಕಿಗೆ, ಚರ್ಮಕ್ಕೆ ಸಮಾನಾಂತರವಾಗಿ. ಇನ್ನೊಂದು ಕೈ ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಪಾಕ ಮೈಬಿಸಿಗಿಂತ ಹೆಚ್ಚು ಬಿಸಿ ಇರಬಾರದು. ಕುದಿಯುವ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳಿಸಿಯೇ ಒಲೆ ಹಚ್ಚಿ.

ಕೆಂಪು ಶಾಯಿಯಲ್ಲಿ ಸೇರಿಸಿದ ಒಂದು ಸಾಲು: ಮೊಡವೆಗೆ ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಹಚ್ಚುತ್ತಿರುವವರು, ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುತ್ತಿರುವವರು ಇಲ್ಲವೇ ಈಚೆಗೆ ನಿಲ್ಲಿಸಿದವರು ಮುಖಕ್ಕೆ ವ್ಯಾಕ್ಸ್ ಮಾಡಲೇಬಾರದು. ಕೂದಲಿನ ಜೊತೆ ಚರ್ಮವೇ ಕಿತ್ತು ಬರಬಹುದು. ಪಿಸಿಓಡಿ ಇರುವವರಿಗೆ ಮೊಡವೆಯೂ ಸಾಮಾನ್ಯವಾದ್ದರಿಂದ ಈ ಸಾಲು ಬಹಳ ಮಂದಿಗೆ ಬೇಕಾಗುತ್ತದೆ.

ಆಗಸ್ಟ್

ಪುಸ್ತಕದ ದಿಕ್ಕೇ ಬದಲಾದ ತಿಂಗಳು. ಅಲ್ಲಿವರೆಗೆ ಎಲ್ಲ ಕಾಲಮ್ಮುಗಳೂ ಕೂದಲಿನವು. ತ್ರೆಡ್ಡಿಂಗ್‌ನ ಪುಟ ಬರೆಯುವಾಗ ‘ಕಲೆ’ ಎಂಬ ಕಾಲಮ್ಮು ಇಲ್ಲದ್ದು ಎದ್ದು ಕಂಡಿತು. ನಮ್ಮಂಥ ಕಂದು ಚರ್ಮಕ್ಕೆ ಗಾಯ, ಬೊಕ್ಕೆ, ಸುಟ್ಟದ್ದು ಯಾವುದಾದರೂ ಕಪ್ಪು ಕಲೆ ಬಿಟ್ಟೇ ಹೋಗುತ್ತದೆ. ಕೂದಲು ಮೂರು ದಿನಕ್ಕೆ ಮತ್ತೆ ಬರುತ್ತದೆ. ಕಲೆ ಹೋಗಲು ತಿಂಗಳುಗಳು ಬೇಕು. ಗದ್ದದ ಕೂದಲಿಗಿಂತ ಗದ್ದದ ಕಪ್ಪಿಗೇ ಹೆಚ್ಚು ಅಳುವವರಿದ್ದಾರೆ, ಆ ಕಪ್ಪು ಬಂದದ್ದು ಕೀಳುವ ಆತುರದಿಂದ. ಈಗ ಪ್ರತಿ ಪುಟದಲ್ಲೂ ಮೊದಲ ಕಾಲಮ್ಮು ಕಲೆಯದು, ಎರಡನೆಯದು ಕೂದಲಿನದು.

ಮೇಲ್ತುಟಿಯ ತೆಳು ಕೂದಲಿಗೆ ನೂಲು ಸರಿ. ಗದ್ದದ ದಪ್ಪ, ಬಾಗಿದ ಕೂದಲು ನೂಲಿನ ಸುತ್ತಿನಲ್ಲಿ ಬುಡದಿಂದ ಬರದೆ ಚರ್ಮದ ಮಟ್ಟಕ್ಕೇ ತುಂಡಾಗುತ್ತದೆ. ತುಂಡಾದದ್ದು ಒಳಗೇ ಬೆಳೆದು ಬೊಕ್ಕೆ, ಬೊಕ್ಕೆಯನ್ನು ಉಗುರಲ್ಲಿ ಕೆದಕಿದರೆ ಕಲೆ. ಕೆದಕದೆ ದಿನಕ್ಕೆರಡು ಸಲ ಹತ್ತು ನಿಮಿಷ ಬಿಸಿ ಬಟ್ಟೆಯ ಶಾಖ ಕೊಡಬೇಕು, ಅದು ಇಳಿಯುವವರೆಗೆ ಆ ಜಾಗದಲ್ಲಿ ಏನನ್ನೂ ಕೀಳಬಾರದು. ಪಾರ್ಲರಿನಲ್ಲಿ ನೂಲನ್ನು ಬಾಯಲ್ಲಿ ಕಚ್ಚುವ ಬದಲು ಕತ್ತಿಗೆ ಕಟ್ಟಿಕೊಳ್ಳಲು ಕೇಳಿ. ಕೇಳಲು ಸಂಕೋಚ ಬೇಡ.

ಕೂದಲು ಕರಗಿಸುವ ಕ್ರೀಮ್ ತುಂಬ ಕ್ಷಾರ. ಮುಖಕ್ಕೆಂದೇ ಬರೆದಿರುವುದನ್ನು ಮಾತ್ರ, ಕಿವಿಯ ಕೆಳಗೆ ಒಂದು ಚುಕ್ಕೆ ಪರೀಕ್ಷಿಸಿ 24 ಗಂಟೆ ಕಾದು, ಟ್ಯೂಬಿನ ಮೇಲಿನ ಸಮಯ ಮೀರದೆ. ಕಡಲೆಹಿಟ್ಟು, ಕಸ್ತೂರಿ ಅರಿಶಿನದ ಲೇಪ ದಪ್ಪ ಕೂದಲನ್ನು ತೆಗೆಯುವುದಿಲ್ಲ. ಒಣಗಿದ್ದನ್ನು ತಿಕ್ಕಿ ತಿಕ್ಕಿ ತೆಗೆದರೆ ಉಜ್ಜಿದ ಜಾಗವೇ ಕಪ್ಪಾಗುತ್ತದೆ.

ಸೆಪ್ಟೆಂಬರ್

ರಕ್ತಪರೀಕ್ಷೆಯ ಪುಟ. ಚೀಟಿಯಲ್ಲಿ ಕಾಣುವ ಪರೀಕ್ಷೆಗಳ ಹೆಸರು: ಟೋಟಲ್ ಟೆಸ್ಟೋಸ್ಟೆರೋನ್, ಎಸ್‌ಎಚ್‌ಬಿಜಿ, 17 ಓಎಚ್ ಪ್ರೊಜೆಸ್ಟೆರೋನ್, ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಜೊತೆಗೆ ಸಕ್ಕರೆ. ಮುಟ್ಟು ಬರುತ್ತಿದ್ದರೆ 2ರಿಂದ 5ನೇ ದಿನದೊಳಗೆ ಬೆಳಗ್ಗೆ. ತಲೆಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತಿನ್ನುವವರು ಬಹಳ. ಅದು ಕೆಲವು ಹಾರ್ಮೋನು ಪರೀಕ್ಷೆಗಳ ಅಂಕಿಯನ್ನೇ ತಪ್ಪಿಸುತ್ತದೆ. ಲ್ಯಾಬಿಗೆ ಹೋಗುವ ಮೊದಲು ಅದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ಡಾಕ್ಟರರಲ್ಲಿ ಕೇಳಬೇಕು. ಕೆಲವೇ ತಿಂಗಳಲ್ಲಿ ಕೂದಲು ದಿಢೀರನೆ ಹೆಚ್ಚಿ, ಸ್ವರವೂ ಒಡೆದು ದಪ್ಪವಾದರೆ ಅದನ್ನು ಪಿಸಿಓಡಿ ಎಂದು ಸುಮ್ಮನಿರಬಾರದು. ಆ ವಾರವೇ ತೋರಿಸಬೇಕು.

ಔಷಧದ ಪುಟದಲ್ಲಿ ಪ್ರಮಾಣ ಬರೆಯುವುದು ಡಾಕ್ಟರರು; ನಾವು ಬರೆದದ್ದು ಎಚ್ಚರಿಕೆಗಳನ್ನು. ಸಾಮಾನ್ಯವಾಗಿ ಮೊದಲು ಹಾರ್ಮೋನು (ಗರ್ಭನಿರೋಧಕ) ಗುಳಿಗೆ. ಕಣ್ಣ ಮುಂದೆ ಮಿಂಚು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಹಿನ್ನೆಲೆ, ಬಿಪಿ ಇದ್ದರೆ ಮೊದಲೇ ಹೇಳಬೇಕು. ಆರು ತಿಂಗಳಲ್ಲಿ ಸಾಲದಿದ್ದರೆ ಆಂಡ್ರೋಜೆನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಸೇರುತ್ತದೆ. ಅದನ್ನು ತಿನ್ನುವಾಗ ಗರ್ಭ ನಿಲ್ಲಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿನ ಬೆಳವಣಿಗೆಗೆ ತೊಂದರೆ. ಅದು ಪೊಟಾಶಿಯಂ ಅನ್ನು ಮೈಯಲ್ಲಿ ಉಳಿಸುತ್ತದೆ. ತೋಟದ ಮನೆಗಳಲ್ಲಿ ಬಾಯಾರಿದಾಗಲೆಲ್ಲ ಎಳನೀರು. ಅದರಲ್ಲೂ ಪೊಟಾಶಿಯಂ ಹೇರಳ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತಿನ್ನುವವರು ಎಳನೀರಿನ ಅಭ್ಯಾಸವನ್ನೂ ಡಾಕ್ಟರರಿಗೆ ತಿಳಿಸಲಿ. ಮೆಟ್‌ಫಾರ್ಮಿನ್ ಮುಟ್ಟಿಗೆ, ಸಕ್ಕರೆಗೆ ಒಳ್ಳೆಯದು, ಕೂದಲಿಗೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ.

ಎಫ್ಲೋರ್ನಿಥಿನ್ 13.9% ಕ್ರೀಮ್ ಕೂದಲನ್ನು ತೆಗೆಯುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ. ದಿನಕ್ಕೆ ಎರಡು ಸಲ, ನಡುವೆ ಕನಿಷ್ಠ 8 ಗಂಟೆ, ಹಚ್ಚಿದ ಮೇಲೆ 4 ಗಂಟೆ ತೊಳೆಯಬಾರದು. ಎರಡು ತಿಂಗಳ ಹೊತ್ತಿಗೆ ಗೊತ್ತಾಗುತ್ತದೆ, ನಿಲ್ಲಿಸಿದರೆ ಎರಡು ತಿಂಗಳಲ್ಲಿ ಮೊದಲಿನಂತೆ. ಶೇವಿಂಗ್ ಜೊತೆಗೇ ನಡೆಯಬೇಕು.

ಅಕ್ಟೋಬರ್–ನವೆಂಬರ್

ಲೇಸರಿನ ಪುಟವನ್ನು ಅಕ್ಟೋಬರಿಗೆ ಇಟ್ಟದ್ದು ತಪ್ಪು. ಮಳೆ ಬಿಟ್ಟು ಬಿಸಿಲು ಏರುವ ಹೊತ್ತಿಗೇ ಅಂಗಳದಲ್ಲಿ ಅಡಿಕೆ ಒಣಗಿಸುವ ಕೆಲಸವೂ ಶುರು. ಬಿಸಿಲಿಗೆ ಕಂದಿದ ಚರ್ಮದ ಮೇಲೆ ಲೇಸರ್ ಹಾಕಿದರೆ ಬೆಳಕು ಕೂದಲಿನ ಬುಡ ತಲುಪುವ ಮೊದಲು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನನ್ನೇ ಬಿಸಿ ಮಾಡುತ್ತದೆ, ಸುಟ್ಟ ಕಲೆ ಬೀಳುತ್ತದೆ. ಈ ಪುಟವನ್ನು ಜೂನ್‌ಗೆ ಎಳೆದು ತಂದೆವು. ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಂದು ಸಲವೆಂದು ಲೆಕ್ಕ ಹಾಕಿದರೆ, ಮೊದಲ ಮೂರು ನಾಲ್ಕು ಸಲ ಮಳೆಗಾಲದ ಮೋಡದಡಿಯಲ್ಲೇ ಮುಗಿಯುತ್ತವೆ.

ಮಂಗಳೂರಿಗೆ ಹೋಗುವವರಾಗಲಿ ಕಾಸರಗೋಡು ಪೇಟೆಯಲ್ಲೇ ಮಾಡಿಸುವವರಾಗಲಿ ಕೇಳಬೇಕಾದ ಪ್ರಶ್ನೆ: ಯಂತ್ರ ಯಾವುದು? ಗಾಢ ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಎಂಬ ಲೇಸರ್ ಹೆಚ್ಚು ಸುರಕ್ಷಿತ. ಐಪಿಎಲ್ ಎಂಬ, ಲೇಸರಲ್ಲದ ಮಿಂಚುಬೆಳಕಿನ ಯಂತ್ರದಲ್ಲಿ ಸುಡುವ ಭಯ ಹೆಚ್ಚು. ನಾಲ್ಕು ವಾರ ಮೊದಲಿನಿಂದ ಕೀಳುವುದು, ನೂಲು, ವ್ಯಾಕ್ಸ್ ಯಾವುದೂ ಬೇಡ, ಬುಡದಲ್ಲಿ ಕೂದಲಿದ್ದರೆ ತಾನೆ ಲೇಸರಿಗೆ ಗುರಿ ಸಿಗುವುದು. ಹಿಂದಿನ ದಿನ ಶೇವ್ ಮಾಡಿ ಹೋಗಬಹುದು. ಬಿಳಿ ಕೂದಲಿಗೆ ಲೇಸರ್ ಹಿಡಿಯುವುದಿಲ್ಲ, ಅದಕ್ಕೆ ಒಂದೊಂದೇ ಬುಡಕ್ಕೆ ಸೂಜಿ ಇಳಿಸುವ ಎಲೆಕ್ಟ್ರಾಲಿಸಿಸ್ ಬೇಕು. ಹಾರ್ಮೋನು ಹತೋಟಿಗೆ ಬಾರದೆ ಲೇಸರ್ ಮಾತ್ರ ಮಾಡಿಸಿದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ದವಡೆಯ ಅಂಚಿನಲ್ಲಿ, ಕತ್ತಿನಲ್ಲಿ ಲೇಸರಿನ ನಂತರ ನವಿರು ರೋಮವೇ ದಪ್ಪವಾಗುವುದೂ ನಮ್ಮ ಬಣ್ಣದ ಚರ್ಮದವರಲ್ಲಿ ಕಾಣುತ್ತದೆ. ಅದಕ್ಕೇ ಫೋಟೊದಲ್ಲಿ ಕತ್ತೂ ಇರಬೇಕು.

ಡಿಸೆಂಬರ್

ಡಬ್ಬಿಗೆ ಕೊನೆಯದಾಗಿ ಸೇರಿದ್ದು ಎಸ್‌ಪಿಎಫ್ 30ಕ್ಕೆ ಮೇಲ್ಪಟ್ಟ, ಬಣ್ಣವಿರುವ ಸನ್‌ಸ್ಕ್ರೀನ್. ಆ ಬಣ್ಣದಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಕಲೆ ಗಾಢವಾಗುವುದರಲ್ಲಿ ಆ ಬೆಳಕಿನ ಪಾಲೂ ಇದೆ. ಮುಖ, ಕತ್ತಿಗೆ ಎರಡು ಬೆರಳುದ್ದ.

ಕೊನೆಯ ಪುಟದಲ್ಲಿ ಕೌಂಟರಿನಲ್ಲಿ ಬೇಕಾಗುವ ಮಲಯಾಳದ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಯಿತು. ಒಂದು ಪದದಲ್ಲಿ ಸಿಕ್ಕಿಕೊಂಡೆವು: ಅಲ್ಲಿ ‘ತಾಡಿ’ ಎಂದರೆ ಗದ್ದವೂ ಹೌದು, ಗಡ್ಡವೂ ಹೌದು. ಹದಿನೇಳರ ಹುಡುಗಿ ಕೌಂಟರಿನಲ್ಲಿ ನಿಂತು ಹೇಳಬೇಕಾದ ಮಾತಲ್ಲ ಅದು. ಆ ಸಾಲನ್ನು ‘ಮುಖತ್ತೆ ರೋಮಂ’ ಎಂದು ತಿದ್ದಿದೆವು. ಎರಡನೇ ಪ್ರತಿಯ ಹೊಲಿಗೆ ಬಾಕಿ ಇದೆ, ಲೇಸರಿನ ಪುಟ ಮುಂದಕ್ಕೆ ಬಂದಿರುವುದರಿಂದ ಪುಟಸಂಖ್ಯೆ ಮತ್ತೆ ಹಾಕಬೇಕು.