ಮರದ ಮಂಡಿ: ಎಸಿಎಲ್ ದಾರದ ರಗಳೆ ಮುಗಿಯಿತು

ಕಡೆಗೂ ನಾನು ಕೆತ್ತಿದ ಮರದ ಮಂಡಿ ತಿರುಚಿಕೊಂಡಿತು! ನಾನು ತಿರುಚಿದ್ದಲ್ಲ. ಬಾಗಿದ ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡುತ್ತ ಬಂದರೆ, ಕೊನೆಯ 20 ಡಿಗ್ರಿ ಉಳಿದಿರುವಾಗ ಕೆಳಗಿನ ಮೂಳೆ ತಾನೇ ತುಸು ಹೊರಕ್ಕೆ ಹೊರಳಿ ಟಕ್ಕೆಂದು ಬಿಗಿಯಾಗಿ ನಿಲ್ಲುತ್ತದೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ. "ಇಷ್ಟೇನಾ?" ಅಂದರು. ಇಷ್ಟೇ.

ಒರಟು ಕೆತ್ತನೆ, ಅರ, ಉಪ್ಪುಕಾಗದದ ಕತೆಯೆಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡುತ್ತೇನೆ. ಮರದ್ದು ಮಾತ್ರ ಹೇಳಲೇಬೇಕು. ಸಾಗರದ ಗುಡಿಗಾರರು ಕೆತ್ತುವ ಶಿವನೆಯೇ ಬೇಕೆಂದು ಮಿಲ್ಲಿನಲ್ಲಿ ಹೇಳಿಟ್ಟಿದ್ದೆ. ನಮ್ಮ ಮಳೆಗಾಲದ ಥಂಡಿಗೂ ಅದು ಹೆಚ್ಚು ಉಬ್ಬುವುದಿಲ್ಲ. ಬಂದದ್ದು ಸಿಲ್ವರ್ ಓಕ್. ವಾಪಸ್ ಒಯ್ದರೆ, "ಅದೂ ಮರವೇ ಅಲ್ವಾ ಮಾರಾಯ್ರೆ, ಮೂಳೆ ಮಾಡೋಕೆ ಯಾವುದಾದ್ರೇನು?" ಎಂಬ ಉತ್ತರ. ಕೊನೆಗೆ ಶಿವನೆ ಸಿಕ್ಕಿತು, ಹಳೇ ಕಿಟಕಿ ಚೌಕಟ್ಟಿನಲ್ಲಿ.

ಈಗ ರಗಳೆಗೆ ಬರೋಣ. ಮಂಡಿಗೆ ಒಂದು ಕಡ್ಡಿ ತೂರಿಸಿ ಬಾಗಿಲ ಕೀಲಿನ ಹಾಗೆ ಮಾಡಿದ ಮಾದರಿಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಪೂರ್ತಿ ಬಾಗಿಸಿ ನೋಡಿ, ಮೂಳೆಗೆ ಮೂಳೆ ಕಚ್ಚುತ್ತದೆ. ನಿಜವಾದ ಮಂಡಿಯಲ್ಲಿ ತೊಡೆಮೂಳೆ ಉರುಳುತ್ತಲೂ ಇರುತ್ತದೆ, ಜಾರುತ್ತಲೂ ಇರುತ್ತದೆ. 1836ರಷ್ಟು ಹಿಂದೆಯೇ ಜರ್ಮನಿಯ ವೆಬರ್ ಸಹೋದರರು ಇದನ್ನು ಬರೆದಿಟ್ಟಿದ್ದಾರೆ. ತೊಡೆಮೂಳೆಯ ತುದಿಯ ಎರಡು ಗುಂಡುಗಳ ಮೈಯನ್ನು ದಾರ ಹಿಡಿದು ಅಳೆದರೆ, ಅವು ಕೂರುವ ಕೆಳಮೂಳೆಯ ಮೇಲ್ಮೈಗಿಂತ ಸುಮಾರು ಎರಡರಷ್ಟು ಉದ್ದ. ಬರೀ ಉರುಳಿದರೆ ಹಿಂದಕ್ಕೆ ಬಿದ್ದೇ ಹೋಗಬೇಕು. ಬರೀ ಜಾರಿದರೆ ಹಿಂಬದಿಯ ಅಂಚಿಗೆ ಬಡಿಯಬೇಕು. ಎರಡನ್ನೂ ಹದದಲ್ಲಿಡುವುದರಲ್ಲಿ ದೊಡ್ಡ ಪಾಲು ನಡುವೆ ಒಂದನ್ನೊಂದು ಅಡ್ಡಹಾಯುವ ಎರಡು ಅಸ್ಥಿರಜ್ಜುಗಳದ್ದು, ಅಂದರೆ ಮೂಳೆಗೆ ಮೂಳೆ ಬಿಗಿಯುವ ನಾರುಪಟ್ಟಿಗಳದ್ದು: ಮುಂದಿನದು ಎಸಿಎಲ್, ಹಿಂದಿನದು ಪಿಸಿಎಲ್.

ಕಡ್ಡಿ ಬೇಡ, ಎರಡು ದಾರ ಸಾಕು ಅಂತ ಹೊರಟೆ. ಗಾಳದ ನೈಲಾನ್ ದಾರ ಎಳೆದಷ್ಟೂ ಹಿಗ್ಗುತ್ತದೆ. ಹೆಣೆದ ದಾರ ತರಿಸಿದರೆ ಹೇಳಿದ ದಪ್ಪದ ಅರ್ಧವೂ ಇಲ್ಲ, ಬಣ್ಣ ಮಾತ್ರ ಫೋಟೋದಲ್ಲಿ ಇದ್ದದ್ದೇ. ಅದನ್ನೇ ಮಡಿಸಿ ಹೊಸೆದುಕೊಂಡೆ. ಪಿಸಿಎಲ್ ತಕರಾರಿಲ್ಲದೆ ಕೂತಿತು. ಎಸಿಎಲ್ ಇದೆಯಲ್ಲ, ಅದು ಜೀವ ತಿಂದಿತು. ಕಾಲು ನೆಟ್ಟಗಿಟ್ಟು ಬಿಗಿದರೆ ಬಾಗಿಸಿದಾಗ ಸಡಿಲ. ಕೆಳಮೂಳೆ ಮುಂದಕ್ಕೆ ಜಾರಿ ಬರುತ್ತದೆ. (ರಜ್ಜು ಹರಿದಿದೆಯೇ ಎಂದು ಡಾಕ್ಟರು ಎಳೆದು ನೋಡುವುದು ಇದನ್ನೇ.) ಬಾಗಿಸಿಟ್ಟು ಬಿಗಿದರೆ ನೆಟ್ಟಗಾಗುವಷ್ಟರಲ್ಲಿ ಗೂಟವೇ ಕಿತ್ತು ಬರುತ್ತದೆ. ತೊಡೆಮೂಳೆಯ ತೂತನ್ನು ಒಂದೆರಡು ಮಿಲಿಮೀಟರ್ ಸರಿಸಿದರೆ ಗೋಳು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಹಳೇ ತೂತುಗಳಿಗೆ ಮರದಪುಡಿ, ಫೆವಿಕಾಲ್ ತುಂಬಿ ತುಂಬಿ ಆ ಜಾಗದಲ್ಲಿ ಈಗ ಮರಕ್ಕಿಂತ ಫೆವಿಕಾಲೇ ಜಾಸ್ತಿ.

ಪರಿಹಾರ ದೇಹದಲ್ಲೇ ಇತ್ತು. ಎಸಿಎಲ್ ಒಂದೇ ದಾರವಲ್ಲ, ಎರಡು ಕಂತೆ. ಕೆಳಮೂಳೆಯಲ್ಲಿ ಮುಂದೆ-ಒಳಬದಿಗೆ ಅಂಟಿದ ಕಂತೆ ಕಾಲು ಬಾಗಿದಾಗ ಬಿಗಿ. ಹಿಂದೆ-ಹೊರಬದಿಗೆ ಅಂಟಿದ್ದು ಕಾಲು ನೆಟ್ಟಗಾದಾಗ ಬಿಗಿ. ಪಾಳಿ ಬದಲಿಸಿಕೊಂಡು ಕೆಲಸ! ಎರಡು ದಾರ, ಎರಡು ತೂತು, ಒಂದೊಂದಕ್ಕೂ ಬೇರೆ ಬಿರಡೆ. ಹೌದು, ತಂಬೂರಿಯ ಬಿರಡೆಯೇ. ತೊಡೆಮೂಳೆಯ ಮೇಲ್ತುದಿಯಲ್ಲಿ ಕೂರಿಸಿ ಶ್ರುತಿ ಮಾಡಿದೆ. ಮುಂದಕ್ಕೆ ಜಾರುವುದು ನಿಂತೇ ಹೋಯಿತು.

ಅದರ ಬೆನ್ನಿಗೇ ಆ ತಿರುಚು ಬಂತು, ಬೋನಸ್ಸಾಗಿ. ಒಳಬದಿಯ ಗುಂಡು ಹೊರಬದಿಯದಕ್ಕಿಂತ ಉದ್ದ. ಹೊರಬದಿಯದರ ಪಯಣ ಮುಗಿದರೂ ಒಳಬದಿಯದು ಇನ್ನೂ ಸ್ವಲ್ಪ ಹೋಗಬೇಕು. ಹಾಗಾಗಿ ಮೂಳೆ ಹೊರಳಲೇಬೇಕು. ಕೆಳಮೂಳೆಯ ಮೇಲ್ಮೈಯೂ ಇದಕ್ಕೆ ಒತ್ತಾಸೆ: ಒಳಬದಿ ತಗ್ಗು, ಹೊರಬದಿ ಹಿಂದಿನಿಂದ ಮುಂದಕ್ಕೆ ತುಸು ಉಬ್ಬು. ನೀವು ಕೆತ್ತುವುದಾದರೆ ಎರಡನ್ನೂ ತಗ್ಗು ಮಾಡಬೇಡಿ, ತಿರುಚು ಬರುವುದಿಲ್ಲ. ಹೀಗೆ ಹೊರಳಿ ಬಿಗಿದ ಬೀಗ ಬಿಚ್ಚುವುದಕ್ಕೆ ಮಂಡಿಯ ಹಿಂದೆ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು ಇದೆ. ನನ್ನದರಲ್ಲಿ ಆ ಕೆಲಸಕ್ಕೆ ಸೈಕಲ್ ಟ್ಯೂಬಿನ ಪಟ್ಟಿ, ತೊಡೆಮೂಳೆಯ ಹೊರಬದಿಯಿಂದ ಕೆಳಮೂಳೆಯ ಹಿಂಬದಿಗೆ ಓರೆಯಾಗಿ. ಎರಡು ಮೂಳೆಗಳ ನಡುವಿನ ಮೆತ್ತೆಗೆ, ಅಂದರೆ ಮೆನಿಸ್ಕಸ್ಸಿಗೆ, ಹವಾಯಿ ಚಪ್ಪಲಿಯ ಅಟ್ಟೆ ಕೊಯ್ದದ್ದು. ಹೊರಬದಿಯದನ್ನು ಗಟ್ಟಿಯಾಗಿ ಅಂಟಿಸಬೇಡಿ, ಅದು ಒಳಬದಿಯದಕ್ಕಿಂತ ಹೆಚ್ಚು ಓಡಾಡುವಂಥದ್ದು.

ಬೀಗ ಬಿಚ್ಚಿ ಬಾಗಿದ ಮಂಡಿ ಎಡಬಲಕ್ಕೂ ಹೊರಳುತ್ತದೆ. ನೆಟ್ಟಗಿದ್ದಾಗ ಜಪ್ಪಯ್ಯ ಅಂದರೂ ಇಲ್ಲ. ಕುರ್ಚಿಯಲ್ಲಿ ಕೂತು ಹಿಮ್ಮಡಿ ಊರಿ ಪಾದ ತಿರುಗಿಸಿ ನೋಡಿ. ಯಕ್ಷಗಾನದ ಮಂಡಿಕುಣಿತ ನೋಡುವಾಗ ನನಗಿನ್ನು ಚೆಂಡೆ ಕೇಳಿಸುವುದೇ ಅನುಮಾನ, ಆ ದಾರಗಳ ಪಾಡೇ ಕಣ್ಣಿಗೆ ಕಟ್ಟುತ್ತದೆ.

ಮುಂದಿನದು ಮುಂಗೈ, ಈಗಲೇ ತಲೆಗೆ ಹತ್ತಿದೆ. ಅಡಿಕೆ ಸುಲಿತದ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಗಮನಿಸಿದ್ದೀರಾ? ಅಡಿಕೆ ತಿರುಗುವುದು ಬರೀ ಮಣಿಕಟ್ಟಿನಿಂದಲ್ಲ. ಮುಂಗೈಯ ಎರಡು ಮೂಳೆಗಳಲ್ಲಿ ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ರೇಡಿಯಸ್ ಅದರ ಮೇಲೆ ಅಡ್ಡಬೀಳುತ್ತದೆ. ರೇಡಿಯಸ್ಸಿನ ತಲೆ ಮೊಣಕೈ ಹತ್ತಿರ ಒಂದು ಉಂಗುರದಂಥ ರಜ್ಜುವಿನೊಳಗೆ ಗಿರಕಿ ಹೊಡೆಯುತ್ತದೆ. ಆ ಉಂಗುರ ಯಾವುದರಲ್ಲಿ ಮಾಡಲಿ? ಟೆಫ್ಲಾನ್ ಹಾಳೆ ಶಿವಮೊಗ್ಗದಲ್ಲಿ ವಿಚಾರಿಸಿದೆ. ದೋಸೆ ಹಂಚು ತೋರಿಸಿದರು.

ಅದಕ್ಕೂ ಮೊದಲು ಮಂಡಿಚಿಪ್ಪು ಬಾಕಿ. ಅದನ್ನು ತೇಲಿಸಿ ಹಿಡಿಯಬೇಕಾದ ತೊಡೆಯ ಮುಂದಿನ ಸ್ನಾಯುವಿಗೆ ಮತ್ತೆ ದಾರ, ಮತ್ತೆ ಬಿರಡೆ. ಯಾರ ಅಟ್ಟದಲ್ಲಾದರೂ ಒಡೆದ ತಂಬೂರಿ ಬಿದ್ದಿದ್ದರೆ ಹೇಳಿ, ಬುರುಡೆ ನಿಮಗೇ ಇರಲಿ, ಬಿರಡೆಯಷ್ಟೇ ಸಾಕು.