ಅಪ್ಪನ ‘ಳ’, ಅವನ ‘ಳ್ಳಿ’, ನನ್ನ ‘ಷ್ಟ್ರ’

2024ರ ಡಿಸೆಂಬರಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಅದರ ಎರಡನೇ ದಿನ ನಾನು ಪುಸ್ತಕ ಮಳಿಗೆಗಳ ಸಾಲಲ್ಲಿ ನಿಂತು ಅಳು ತಡ್ಕೊಂಡಿದ್ದೆ. ಜೊತೆಗಿದ್ದ ಗೆಳತಿಗೆ ಕಣ್ಣಿಗೆ ಧೂಳು ಬಿತ್ತು ಅಂದೆ, ಅವಳು ನಂಬಿದ್ಳು, ಅಷ್ಟೊಂದು ಜನ ಓಡಾಡ್ತಿರೋ ಕಡೆ ಧೂಳು ಇದ್ದೇ ಇರುತ್ತೆ ಅಲ್ವಾ.

ನಾನು ಮಾಡೋದು ಪುಸ್ತಕದ ಮುಖಪುಟದ ಕೆಲಸ, ಅದರಲ್ಲೂ ಹೆಚ್ಚಾಗಿ ಅಕ್ಷರ. ಪುಸ್ತಕದ ಹೆಸರನ್ನ ಫಾಂಟಲ್ಲಿ ಟೈಪ್ ಮಾಡದೆ ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರಲ್ಲಿ ತಿದ್ದಿ ಕೊಡ್ತೀನಿ. ಒಂಬತ್ತು ವರ್ಷದಿಂದ ಇದೇ ಕೆಲಸ. ಅವತ್ತು ಮಳಿಗೆಯಿಂದ ಮಳಿಗೆಗೆ ಹೋಗ್ತಾ ಹೋಗ್ತಾ ಒಬ್ಬನದೇ ಕೈಯ ಕವರ್‌ಗಳು ಕಾಣಿಸೋಕೆ ಶುರುವಾಯ್ತು, ಒಂದು, ಎರಡು, ಐದು, ಆರು, ಆಮೇಲೆ ಎಣಿಸೋದು ಬಿಟ್ಟೆ, ಹೆಚ್ಚೂಕಮ್ಮಿ ನನ್ನ ವಯಸ್ಸಿನವನೇ, ನಾನು ಶುರು ಮಾಡಿ ಮೂರು ವರ್ಷ ಆದ್ಮೇಲೆ ಈ ಕೆಲಸಕ್ಕೆ ಬಂದವನು. ಎಲ್ಲಾ ಕವರೂ ಚೆನ್ನಾಗಿದ್ವು. ಅದೇ ಕಷ್ಟ, ಕೆಟ್ಟದಾಗಿದ್ದಿದ್ರೆ ಬೈಕೊಂಡು ಮುಂದೆ ಹೋಗ್ತಿದ್ದೆ. ನನ್ನ ಕವರಿದ್ದ ಹೊಸ ಪುಸ್ತಕ ಅವತ್ತು ಕಣ್ಣಿಗೆ ಬಿದ್ದಿದ್ದು ಒಂದು, ಅದೂ ಕೆಳಗಿನ ರ‍್ಯಾಕಲ್ಲಿ, ಅದರ ಮೇಲೆ ಯಾರೋ ಕ್ಯಾಲೆಂಡರ್ ಕಟ್ಟು ಇಟ್ಟಿದ್ರು.

ಅವನ ಒಂದು ಕವರಿನ ಮುಂದೆ ತುಂಬಾ ಹೊತ್ತು ನಿಂತೆ. ಪುಸ್ತಕದ ಹೆಸರಲ್ಲಿ ‘ಳ್ಳಿ’ ಇತ್ತು. ಆ ಳದ ಒತ್ತನ್ನ ಕೆಳಗೆ ಎಳೆದು, ಹಾಗೇ ಬಲಕ್ಕೆ ತಿರುಗಿಸಿ, ಮುಖಪುಟದ ತುದಿವರೆಗೂ ಒಂದು ಕಾಲುದಾರಿ ಥರ ಹರಿಸಿದ್ದ. ಅಷ್ಟೇ, ಬೇರೆ ಚಿತ್ರ ಇಲ್ಲ. ನೋಡಿದ ತಕ್ಷಣ ನನಗೆ ಅನ್ಸಿದ್ದು, ಇದು ನನಗೆ ಯಾವತ್ತೂ ಹೊಳೀತಿರ್ಲಿಲ್ಲ. ಅದರ ಹಿಂದೇನೇ ಇನ್ನೊಂದು ಬಂತು, ಹಾಗಾದ್ರೆ ಒಂಬತ್ತು ವರ್ಷ ನಾನು ಮಾಡಿದ್ದಾದ್ರೂ ಏನು.

ಮನೆಗೆ ಬಂದು ಮೂರು ವಾರ ಏನೂ ಬರೆಯೋಕೆ ಆಗ್ಲಿಲ್ಲ. ಪೆನ್ಸಿಲ್ ಹಿಡಿದ್ರೆ ಕಾಗದದ ಮೇಲೆ ನನ್ನ ಅಕ್ಷರ ಬರೋಕೆ ಮುಂಚೆ ಅವನ ಅಕ್ಷರ ಕಣ್ಮುಂದೆ ಬರ್ತಿತ್ತು. ಇನ್‌ಸ್ಟಾಗ್ರಾಮ್ ತೆಗೆದುಹಾಕಿದೆ, ನಾಲ್ಕು ದಿನಕ್ಕೆ ವಾಪಸ್ ಹಾಕ್ಕೊಂಡೆ, ಯಾಕಂದ್ರೆ ಈ ಕೆಲಸದಲ್ಲಿ ಇರೋರಿಗೆ ಅದು ಅಂಗಡಿ ಬಾಗಿಲು ಇದ್ದ ಹಾಗೆ, ಮುಚ್ಚಿದ್ರೆ ಗಿರಾಕಿ ಬರಲ್ಲ. ಅದನ್ನ ಬಿಟ್ಟುಬಿಡಿ ಎಲ್ಲಾ ಸರಿ ಹೋಗುತ್ತೆ ಅಂತ ಹೇಳೋರು ಸಂಬಳ ಬರೋ ಕೆಲಸದಲ್ಲಿರೋರು ಅಂತ ನನಗೆ ಆವಾಗ ಅನ್ಸಿತ್ತು, ಈಗಲೂ ಅನ್ಸುತ್ತೆ.

ಒಬ್ಬ ಗೆಳೆಯ ಆರ್.ಕೆ. ಲಕ್ಷ್ಮಣ್ ಕತೆ ಹೇಳ್ದ. ಮೈಸೂರಿನ ಹುಡುಗ, ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಅರ್ಜಿ ಹಾಕಿದಾಗ ಸೀಟು ಕೊಡಲಿಲ್ಲ, ಆಮೇಲೆ ದೇಶಾನೇ ಅವರ ‘ಕಾಮನ್ ಮ್ಯಾನ್’ನ ದಿನಾ ಬೆಳಿಗ್ಗೆ ಪೇಪರಲ್ಲಿ ಹುಡುಕ್ತಿತ್ತು. ಕತೆ ನಿಜ, ಅವನು ಪ್ರೀತಿಯಿಂದಾನೇ ಹೇಳಿದ್ದು. ಆದ್ರೆ ನನಗೆ ಒಂಚೂರೂ ಸಮಾಧಾನ ಆಗ್ಲಿಲ್ಲ. ಲಕ್ಷ್ಮಣ್ ಲಕ್ಷ್ಮಣ್ ಆಗಿದ್ರು. ಸೀಟು ಸಿಗದೆ ಹೋದ ಮಿಕ್ಕವರು ಏನಾದ್ರು, ಅವರ ಕತೆ ಯಾರು ಹೇಳ್ತಾರೆ? ನನಗೆ ಬೇಕಾಗಿದ್ದು ಅವರ ಕತೆ, ಅವರು ಮಾರನೇ ದಿನ ಬೆಳಿಗ್ಗೆ ಎದ್ದು ಹೇಗೆ ಪೆನ್ಸಿಲ್ ಹಿಡಿದ್ರು ಅನ್ನೋದು.

ಇನ್ನೊಬ್ಬಳು ಇದು ಇಂಪಾಸ್ಟರ್ ಸಿಂಡ್ರೋಮ್ ಕಣೇ ಅಂದ್ಳು. ಹುಡುಕಿ ಓದಿದೆ. 1978ರಲ್ಲಿ ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅಂತ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು, ಒಳ್ಳೊಳ್ಳೆ ಸಾಧನೆ ಮಾಡಿದ ಹೆಂಗಸರೂ ಒಳಗೊಳಗೇ ನಾನು ಎಲ್ಲರಿಗೂ ಮೋಸ ಮಾಡ್ತಿದೀನಿ, ಒಂದಿನ ಸಿಕ್ಕಿಬೀಳ್ತೀನಿ ಅಂತ ಹೆದರ್ತಿರ್ತಾರೆ ಅಂತ ಬರೆದಿದ್ರು. ಓದಿದಾಗ ಹಗುರ ಆಯ್ತು. ಓಹೋ ನನ್ನೊಬ್ಬಳಿಗೇ ಅಲ್ಲ. ಒಂದು ವಾರ ಆ ಹೆಸರಲ್ಲೇ ಆರಾಮಾಗಿದ್ದೆ. ಆಮೇಲೆ ಅದೂ ಸಾಲ್ದಾಯ್ತು, ಯಾಕಂದ್ರೆ ನನ್ನ ಅನುಮಾನದಲ್ಲಿ ಒಂದು ಭಾಗ ಸರಿಯಾಗೇ ಇತ್ತು. ಆ ವರ್ಷ ನಾನು ಬರೆದಿದ್ದ ಒಂದು ಹೆಸರಲ್ಲಿ ‘ಷ್ಟ್ರ’ ಇತ್ತು, ಅದು ನಿಜವಾಗ್ಲೂ ಚೆನ್ನಾಗಿರ್ಲಿಲ್ಲ. ಷ ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು, ಮೂರೂ ಒಂದರ ಮೇಲೊಂದು ಬಿದ್ದು ಬಸ್ಸಲ್ಲಿ ಸೀಟಿಗೆ ಒತ್ತಾಡ್ತಿರೋರ ಥರ ಕಾಣ್ತಿತ್ತು, ನನಗದು ಆವತ್ತೇ ಗೊತ್ತಿತ್ತು, ಟೈಮ್ ಇರ್ಲಿಲ್ಲ ಅಂತ ಹಾಗೇ ಕಳಿಸಿದ್ದೆ. ‘ನಿನ್ನ ಷ್ಟ್ರ ಚೆನ್ನಾಗಿಲ್ಲ’ ಅಂತ ಒಳಗಿಂದ ಬರೋ ಮಾತನ್ನ ಕಾಯಿಲೆ ಅಂತ ಕರೆಯೋಕೆ ನನಗೆ ಮನಸ್ಸು ಬರ್ಲಿಲ್ಲ. ಕಾಯಿಲೆ ಇದ್ದಿದ್ದು ಅದರ ಮುಂದಿನ ಮಾತಲ್ಲಿ, ‘ಹಂಗಾಗಿ ನೀನೇ ಚೆನ್ನಾಗಿಲ್ಲ’ ಅನ್ನೋದ್ರಲ್ಲಿ.

ನನಗೆ ತುಂಬಾ ದಿನದಿಂದ ಅರ್ಥ ಆಗದೆ ಇದ್ದ ಇನ್ನೊಂದು ವಿಷಯ ಇತ್ತು. ಕೆ.ಕೆ. ಹೆಬ್ಬಾರ್ ಅವರ ರೇಖಾಚಿತ್ರ ನೋಡಿದ್ರೆ ನನಗೆ ಖುಷಿಯೇ ಆಗುತ್ತೆ, ಉಡುಪಿ ಹತ್ರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಮನುಷ್ಯ ಎರಡೇ ಎರಡು ಗೆರೆಯಲ್ಲಿ ಕುಣಿಯೋ ಹೆಣ್ಣನ್ನ ನಿಲ್ಲಿಸಿಬಿಡ್ತಾರಲ್ಲ ಅಂತ ಮೈ ಜುಮ್ಮನ್ನುತ್ತೆ, ಆದ್ರೆ ಹೊಟ್ಟೆ ಉರಿಯಲ್ಲ. ಇದೇ ಊರಲ್ಲಿ ನಾಲ್ಕು ಬಸ್ ಸ್ಟಾಪ್ ಆಚೆ ಇರೋ ಈ ಹುಡುಗನ ‘ಳ್ಳಿ’ ನೋಡಿದ್ರೆ ಯಾಕೆ ಉರಿಯುತ್ತೆ? ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞರು 1954ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ನಮ್ಮ ಸಾಮರ್ಥ್ಯ ಎಷ್ಟು ಅಂತ ಅಳೆಯೋಕೆ ಬೇರೆ ಅಳತೆಗೋಲು ಇಲ್ಲದಾಗ ನಾವು ಬೇರೆಯವರನ್ನ ಅಳತೆಗೋಲು ಮಾಡ್ಕೋತೀವಿ, ಅದೂ ನಮಗೆ ಹತ್ತಿರ ಇರೋರನ್ನ, ದೂರ ಇರೋರ ಜೊತೆ ಹೋಲಿಸ್ಕೊಳ್ಳೋದು ಕಮ್ಮಿ ಅಂತ. ಮುಖಪುಟಕ್ಕೆ ಯಾವ ಅಳತೆಗೋಲು ಇದೆ ಹೇಳಿ? ಪುಸ್ತಕ ಸಾವಿರ ಪ್ರತಿ ಖರ್ಚಾದ್ರೆ ಅದು ಲೇಖಕರಿಂದ, ಆಗದೆ ಹೋದ್ರೆ ಕವರ್ ಸರಿ ಇರ್ಲಿಲ್ಲ ಅಂತ ಒಂದು ಮಾತು ಬರುತ್ತೆ. ಹಂಗಾಗಿ ನನ್ನ ಸ್ಕೇಲು ಅವನೇ ಆಗಿಬಿಟ್ಟಿದ್ದ, ಪಾಪ ಅವನಿಗೆ ಗೊತ್ತೂ ಇಲ್ಲ.

ಇದೇ ಹೊತ್ತಲ್ಲಿ ಒಬ್ಬ ಪ್ರಕಾಶಕರು ಫೋನ್ ಮಾಡಿದ್ರು. ಒಂದು ಕವರ್ ಬೇಕು ಅಂದ್ರು, ರೇಟು ಮಾತಾಡಿದ್ವಿ, 4000 ಅಂತ ಆಯ್ತು. ಫೋನ್ ಇಡೋಕೆ ಮುಂಚೆ ‘ಮೇಡಂ, ಈಗ ಎಲ್ಲಾ ಕಡೆ ಒಂಥರ ಅಕ್ಷರ ಉದ್ದ ಎಳೆದು ಬರೀತಾರಲ್ಲ, ಆ ಥರ ಮಾಡ್ಕೊಡಿ’ ಅಂದ್ರು. ಹೆಸರು ಹೇಳ್ಲಿಲ್ಲ, ಹೇಳೋ ಅಗತ್ಯಾನೂ ಇರ್ಲಿಲ್ಲ. ನಾನು ಆಯ್ತು ಸರ್ ಅಂದೆ. ಮಾಡಿಯೂ ಕೊಟ್ಟೆ. ಒತ್ತು ಎಳೆದೆ, ತಿರುಗಿಸಿದೆ, ಅವರಿಗೆ ತುಂಬಾ ಇಷ್ಟ ಆಯ್ತು, ಒಂದೂ ಕರೆಕ್ಷನ್ ಇಲ್ಲದೆ ಓಕೆ ಆದ ನನ್ನ ಮೊದಲ ಕವರ್ ಅದು. ಆವತ್ತು ರಾತ್ರಿ ಊಟ ಸೇರ್ಲಿಲ್ಲ.

ಅಭ್ಯಾಸಬಲದಿಂದ ಅದನ್ನ ಅಪ್ಪನಿಗೆ ವಾಟ್ಸಾಪಲ್ಲಿ ಕಳಿಸಿದ್ದೆ.

ಅಪ್ಪ ಶಿವಮೊಗ್ಗದಲ್ಲಿ ಬೋರ್ಡ್ ಬರೀತಿದ್ರು. ಗಾಂಧಿ ಬಜಾರು, ದುರ್ಗಿಗುಡಿ, ನೆಹರು ರೋಡು, ಒಂದು ಕಾಲದಲ್ಲಿ ಈ ರಸ್ತೆಗಳಲ್ಲಿ ಅಪ್ಪ ಬರೆದ ಬೋರ್ಡು ಎಷ್ಟಿದ್ವೋ. ಸೀಮೆಸುಣ್ಣ ಉಜ್ಜಿದ ದಾರದ ಎರಡೂ ತುದಿ ಬಿಗಿಯಾಗಿ ಹಿಡಿದು ಮಧ್ಯದಲ್ಲಿ ಎತ್ತಿ ಬಿಟ್ರೆ ಬೋರ್ಡ್ ಮೇಲೆ ಬೆಳ್ಳಗೆ ನೆಟ್ಟಗೆ ಗೆರೆ ಬೀಳೋದು, ಆ ತುದಿ ಹಿಡ್ಕೊಳ್ಳೋದು ನನ್ನ ಕೆಲಸ. ಅಕ್ಷರಕ್ಕೆ ಎರಡು ಗೆರೆ, ಒತ್ತಿಗೆ ಅಂತ ಕೆಳಗೆ ಇನ್ನೊಂದು. ‘ಒತ್ತಿಗೆ ಜಾಗ ಮೊದಲೇ ಇಡಬೇಕು, ಆಮೇಲೆ ತುರುಕಬಾರದು’ ಅಂತ ಪ್ರತಿ ಸಲಾನೂ ಹೇಳೋರು. ಬರೆದಾದ್ಮೇಲೆ ಬ್ರಷ್ ಕೈಯಲ್ಲೇ ಹಿಡ್ಕೊಂಡು ರಸ್ತೆ ದಾಟಿ ಆಚೆ ಕಡೆ ಹೋಗಿ ನಿಲ್ಲೋರು. ಬೋರ್ಡ್ ಓದೋನು ಆಚೆ ಕಡೆ ಇರ್ತಾನೆ, ಏಣಿ ಮೇಲೆ ಇರಲ್ಲ ಅನ್ನೋರು.

ಫ್ಲೆಕ್ಸ್ ಬಂತು. ಮೂರು ದಿನ ಬರೆಯೋ ಬೋರ್ಡು ಒಂದೇ ಗಂಟೆಯಲ್ಲಿ ಪ್ರಿಂಟಾಗಿ ಬರೋಕೆ ಶುರುವಾದಾಗ ಅಪ್ಪನ ಕೈಗೆ ಉಳಿದಿದ್ದು ಶಾಲೆ ಗೋಡೆ, ದೇವಸ್ಥಾನದ ದಾನಿಗಳ ಹೆಸರು, ಲಾರಿ ಹಿಂದಿನ ಬರಹ. ಈಗ ಅದೂ ಇಲ್ಲ. 2024ರಲ್ಲಿ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಕಡ್ಡಾಯ ಆದಾಗ ಅಪ್ಪ ಬೆಂಗಳೂರಿಗೆ ಬಂದಿದ್ರು, ಆಟೋದಲ್ಲಿ ಕೂತು ದಾರಿ ಉದ್ದಕ್ಕೂ ಹೊಸ ಬೋರ್ಡು ನೋಡ್ತಾ ಬಂದ್ರು, ‘ಕನ್ನಡ ಬಂತು, ಒಳ್ಳೇದಾಯ್ತು, ಆದ್ರೆ ಎಲ್ಲಾ ಅಂಗಡಿನೂ ಒಬ್ಬನೇ ಬರೆದ ಹಾಗಿದೆಯಲ್ಲೇ ಪುಟ್ಟಿ’ ಅಂದ್ರು. ಹೌದು, ಅವೇ ನಾಲ್ಕೈದು ಫಾಂಟು.

ಕವರ್ ನೋಡಿ ಅಪ್ಪ ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದ್ರು. ಚೆನ್ನಾಗಿದೆ, ಚೆನ್ನಾಗಿಲ್ಲ, ಏನೂ ಹೇಳ್ಲಿಲ್ಲ. ‘ಈ ಳ ಯಾಕೆ ಅವಸರದಲ್ಲಿ ಬರೆದಂಗಿದೆ?’ ಅಂತ ಕೇಳಿದ್ರು.

ನಾನು ಸುಮ್ನಿದ್ದೆ. ಅಪ್ಪ ಮುಂದುವರೆಸಿದ್ರು, ಮೇಲಿನ ಸುತ್ತು ಮುಗಿಯೋಕೆ ಮುಂಚೆ ಬಾಲ ಎಳೆಯೋಕೆ ಹೊರಟಿದೀಯ, ಬಾಲಕ್ಕೋಸ್ಕರ ಹೊಟ್ಟೆ ಸಣ್ಣ ಮಾಡಿದೀಯ ಅಂತ. ಆಮೇಲೆ ಎಂದಿನಂತೆ ಊಟ ಆಯ್ತಾ, ಮಳೆ ಇದೆಯಾ.

ಫೋನ್ ಇಟ್ಟ ಮೇಲೆ ನನಗೆ ಒಂದು ಹಳೇ ಪ್ರಯಾಣ ನೆನಪಾಯ್ತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಬಸ್ಸಲ್ಲಿ ಭದ್ರಾವತಿಗೋ ತೀರ್ಥಹಳ್ಳಿಗೋ ಹೋಗ್ವಾಗ ಅವರು ಕಿಟಕಿಯಿಂದ ಬೇರೆ ಪೇಂಟರ್‌ಗಳ ಬೋರ್ಡ್ ತೋರಿಸ್ತಾ ಬರೋರು. ‘ಆ ಜ ನೋಡು.’ ‘ಈ ಅರ್ಕಾವತ್ತು ನೋಡು, ಎಷ್ಟು ಸಲೀಸಾಗಿ ಹಾಕಿದಾನೆ.’ ನನ್ನ ನೆನಪಲ್ಲಿ ಅಪ್ಪ ಒಂದು ಸಲಾನೂ ‘ಅವನು ನನಗಿಂತ ದೊಡ್ಡ ಪೇಂಟರ್’ ಅಂದಿಲ್ಲ, ‘ನಾನೇ ಅವನಿಗಿಂತ ವಾಸಿ’ ಅಂತಾನೂ ಅಂದಿಲ್ಲ. ಹೋಲಿಕೆ ದಿನಾ ಮಾಡ್ತಿದ್ರು, ಹೊಟ್ಟೆಪಾಡಿನ ಪೈಪೋಟಿ ಇದ್ದೇ ಇತ್ತು, ಆದ್ರೆ ಜ ಜೊತೆ ಜ, ಳ ಜೊತೆ ಳ. ಅಷ್ಟು ಚಿಕ್ಕದು. ನಾನು ಮಂಡ್ಯದಲ್ಲಿ ಮಾಡಿದ್ದು ಇಡೀ ಮನುಷ್ಯನ ಪಕ್ಕ ಇಡೀ ಮನುಷ್ಯಳನ್ನ ನಿಲ್ಲಿಸಿ ತೂಗಿದ್ದು, ಅಷ್ಟು ದೊಡ್ಡ ತಕ್ಕಡಿ ಎಲ್ಲಿದೆ?

ಮಾರನೇ ದಿನ ಅವನ ಆ ಪುಸ್ತಕ ಕೊಂಡುಕೊಂಡು ಬಂದೆ. ಮುಖಪುಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ‘ಳ್ಳಿ’ ಒಂದನ್ನೇ ತೆಗೆದೆ, ನಿಧಾನಕ್ಕೆ, ಮತ್ತೆ ಮತ್ತೆ. ಏಳೋ ಎಂಟೋ ಸಲ ತೆಗೆದ್ಮೇಲೆ ಕೈಗೆ ಒಂದು ವಿಷಯ ಗೊತ್ತಾಯ್ತು. ಬಾಲ ಅಷ್ಟು ಉದ್ದ ಹೋಗೋಕೆ ಸಾಧ್ಯ ಆಗಿದ್ದು ಮೇಲಿನ ಳನ ಅವನು ಮಾಮೂಲಿಗಿಂತ ಅಗಲ ಮಾಡಿದ್ದಕ್ಕೆ, ಗುಡಿಸನ್ನೂ ಒಂಚೂರು ತಗ್ಗಿಸಿದ್ದ, ಆ ಭಾರ ಮೇಲಿರೋದ್ರಿಂದ ಕೆಳಗಿನ ಎಳೆತ ತೇಲಿ ಹೋಗಲ್ಲ. ನಾನು ಬಾಲ ಮಾತ್ರ ನೋಡಿದ್ದೆ. ಅಪ್ಪ ಫೋನಲ್ಲಿ ಹೇಳಿದ್ದೂ ಇದನ್ನೇ. ವಿಚಿತ್ರ ಅಂದ್ರೆ ಟ್ರೇಸ್ ಮಾಡ್ತಾ ಕೂತ ಆ ಎರಡು ಗಂಟೆ ಹೊಟ್ಟೆ ಉರೀಲಿಲ್ಲ, ಉರಿಯೋಕೆ ಜಾಗ ಇರ್ಲಿಲ್ಲ ಅನ್ಸುತ್ತೆ, ಮನಸ್ಸೆಲ್ಲ ಆ ಸುತ್ತಿನಲ್ಲಿತ್ತು.

ಇದಾದ್ಮೇಲೆ ಎಲ್ಲಾ ಸರಿ ಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಅವನಿಗೆ ಹೊಸ ಕೆಲಸ ಸಿಕ್ಕಿದ್ದು ನೋಡಿದ್ರೆ ಈಗಲೂ ಎದೆಯಲ್ಲಿ ಏನೋ ಚುಚ್ಚುತ್ತೆ. ಆವಾಗ ನಾನು ಒಂದೇ ಕೆಲಸ ಮಾಡೋದು, ಯಾವ ಅಕ್ಷರ ಅಂತ ಕೇಳ್ಕೋತೀನಿ. ಕವರ್ ಪೂರ್ತಿ ನೋಡಿ ಮನಸ್ಸು ಕೆಡಿಸ್ಕೊಳ್ಳೋ ಬದ್ಲು ಚುಚ್ಚಿದ್ದು ನಿರ್ದಿಷ್ಟವಾಗಿ ಎಲ್ಲಿ ಅಂತ ಹುಡುಕ್ತೀನಿ, ಸಿಕ್ಕಿದ ಅಕ್ಷರನ ನೋಟ್‌ಬುಕ್ಕಲ್ಲಿ ಬರ್ಕೋತೀನಿ. ಕೆಲವು ಸಲ ಯಾವ ಅಕ್ಷರಾನೂ ಸಿಗಲ್ಲ. ಆವಾಗ ನನಗೆ ಚುಚ್ಚಿದ್ದು ಕೆಲಸಕ್ಕೆ ಅಲ್ಲ, ದುಡ್ಡಿಗೆ ಅಥವಾ ಅವನಿಗೆ ಸಿಕ್ಕ ಹೊಗಳಿಕೆಗೆ ಅಂತ ಗೊತ್ತಾಗುತ್ತೆ. ದುಡ್ಡಿಂದಾದ್ರೆ ಅದಕ್ಕೆ ಬೇರೆ ದಾರಿ ಇದೆ, ಈ ವರ್ಷ 4000ನ 6000 ಮಾಡಿದೀನಿ, ಇಬ್ಬರು ಬೇಡ ಅಂದ್ರು, ಮೂವರು ಒಪ್ಪಿದ್ರು. ಹೊಗಳಿಕೆಗೆ ಏನು ಮಾಡ್ಬೇಕೋ ನನಗಿನ್ನೂ ಗೊತ್ತಾಗಿಲ್ಲ.

ನನ್ನ ಹಳೇ ಫೋಲ್ಡರನ್ನೂ ತೆಗೆದು ನೋಡಿದೆ. ಈ ಕೈಬರಹಕ್ಕೆ ನಾನು ಬಂದಿದ್ದೇ ಒಂದು ತೊಂದರೆಯಿಂದ. ಶುರುವಲ್ಲಿ ಫೋಟೋಶಾಪಲ್ಲಿ ಕನ್ನಡ ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಎಲ್ಲಾ ಬಿಚ್ಚಿಕೊಂಡು ಬಿಡಿಬಿಡಿಯಾಗಿ ಬೀಳೋದು, ವರ್ಲ್ಡ್ ರೆಡಿ ಕಂಪೋಸರ್ ಅಂತ ಒಂದು ಸೆಟ್ಟಿಂಗ್ ಇದೆ ಅದನ್ನ ಆನ್ ಮಾಡ್ಬೇಕು ಅಂತ ನನಗೆ ಯಾರೂ ಹೇಳಿರ್ಲಿಲ್ಲ, ನುಡಿ ಫಾಂಟಲ್ಲಿ ಬಂದ ಹೆಸರು ಇನ್ನೊಂದು ಥರ ಕೆಡೋದು, ಸಾಕಾಗಿ ಒಂದಿನ ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿದೆ. ಆ ಮೊದಲ ಹೆಸರಿನ ಸ್ಕ್ಯಾನ್ ಇನ್ನೂ ಇದೆ. ಗೆರೆ ನಡುಗಿದೆ. ಆದ್ರೆ ಒತ್ತಿಗೆ ಜಾಗ ಮೊದಲೇ ಬಿಟ್ಟಿದೀನಿ, ಪೆನ್ಸಿಲಲ್ಲಿ ಮೂರು ಗೆರೆ ಸರಿಯಾಗಿ ಕಾಣುತ್ತೆ. ಆ ಹುಡುಗ ಒತ್ತನ್ನ ಹರಿಸ್ತಾನೆ, ಅಪ್ಪ ಒತ್ತನ್ನ ಕೂರಿಸ್ತಿದ್ರು, ನನ್ನದೂ ಕೂರಿಸೋ ಕೈ. ಇದು ನನಗೆ ಈ ವರ್ಷ ಗೊತ್ತಾಗಿದ್ದು.

ಮಾರ್ಚಲ್ಲಿ ಧೈರ್ಯ ಮಾಡಿ ಅವನಿಗೆ ಮೆಸೇಜ್ ಹಾಕಿದೆ. ನಿಮ್ಮ ‘ಳ್ಳಿ’ಯಲ್ಲಿ ಗುಡಿಸು ತಗ್ಗಿಸಿದ್ದು ಮೊದಲೇ ಯೋಚನೆ ಮಾಡಿದ್ದಾ, ಬಾಲ ಎಳೆದ್ಮೇಲೆ ತಿದ್ದಿದ್ದಾ ಅಂತ. ಆಮೇಲೆ ತಿದ್ದಿದ್ದು ಅಂತ ಬರೆದ, ಜೊತೆಗೆ ನಾಲ್ಕು ಪೆನ್ಸಿಲ್ ಸ್ಕೆಚ್ಚಿನ ಫೋಟೋ ಕಳಿಸ್ದ. ‘ಇದನ್ನ ಗಮನಿಸಿ ಕೇಳಿದವರು ನೀವೊಬ್ಬರೇ’ ಅಂದ. ನಾನು ಅಪ್ಪ ಬರೆದ ಒಂದು ಹಳೇ ಕಿರಾಣಿ ಅಂಗಡಿ ಬೋರ್ಡಿನ ಫೋಟೋ ಕಳಿಸಿದೆ, ಅದರಲ್ಲಿ ‘ಸ್ಟೋರ್ಸ್’ ಅಂತ ಬರೆದಿರೋದನ್ನ ನೋಡಿ ಅರ್ಕಾವತ್ತು, ಟ ಒತ್ತು ಎರಡೂ ಇಷ್ಟು ಜಾಗದಲ್ಲಿ ಹೇಗೆ ಹಿಡಿಸಿದ್ರು ಕೇಳಿ ಹೇಳ್ತೀರಾ ಅಂದ. ಅಪ್ಪನಿಗೆ ಹೇಳಿದೆ. ಅಪ್ಪ ಒಂದು ಪೂರ್ತಿ ಪುಟದಲ್ಲಿ ಬರೆದು ತೋರಿಸಿ, ಅದನ್ನ ಅಮ್ಮನ ಹತ್ರ ಫೋಟೋ ತೆಗೆಸಿ ಕಳಿಸಿದಾರೆ.

ಈಗ ಟೇಬಲ್ ಮೇಲೆ ಒಂದು ಕವಿತೆ ಪುಸ್ತಕದ ಹೆಸರಿದೆ, ಅದರಲ್ಲಿ ಮತ್ತೆ ಒಂದು ‘ಸ್ತ್ರ’ ಬಂದಿದೆ. ಐದನೇ ಸ್ಕೆಚ್ಚು. ನಿನ್ನೆ ಸಂಜೆ ಎ4ನಲ್ಲಿ ಪ್ರಿಂಟ್ ತೆಗೆದು ನಮ್ಮ ಮನೆ ಗೇಟಿಗೆ ಟೇಪ್ ಹಾಕಿ ಅಂಟಿಸಿ, ರಸ್ತೆ ದಾಟಿ ಆಚೆ ಕಡೆ ಮನೆ ಕಾಂಪೌಂಡ್ ಹತ್ರ ಹೋಗಿ ನಿಂತೆ. ಆ ಮನೆ ಆಂಟಿ ಏನಮ್ಮಾ ಬಾಡಿಗೆಗೆ ಬೋರ್ಡಾ ಅಂತ ಕೇಳಿದ್ರು. ಇಲ್ಲ ಆಂಟಿ, ಓದೋಕಾಗುತ್ತಾ ನೋಡಿ ಅಂದೆ. ಅವರು ಕನ್ನಡಕ ಸರಿ ಮಾಡ್ಕೊಂಡು ತಡವರಿಸದೆ ಓದಿದ್ರು. ತ ಒತ್ತು ಇನ್ನೂ ಒಂಚೂರು ದಪ್ಪ ಇದೆ, ಅಲ್ಲಿಂದ ಚೆನ್ನಾಗಿ ಕಾಣ್ತಿತ್ತು, ನಾಳೆ ತಿದ್ದಬೇಕು.